ಗೋಡೆ ಮುಟ್ಟಿ ನೋಡುವವರು

ಜೂನ್ 11, ಬೆಳಗ್ಗೆ

ಸೋನೆ ಹಿಡಿದಿದೆ. ಇವರು ಇವತ್ತೂ ಗೋಡೆ ಮುಟ್ಟಿ ನೋಡಿದರು. ಶೂ ಹಾಕಿಕೊಂಡು, ಟೂಲ್ ಬ್ಯಾಗ್ ಹೆಗಲಿಗೇರಿಸಿದ ಮೇಲೆ — ಹಿಂದಿನ ಕೋಣೆಗೆ ಹೋಗಿ ಅಂಗೈ ಇಟ್ಟು ನಿಂತರು. ಜ್ವರ ಬಂದ ಮಗುವಿನ ಹಣೆ ಮುಟ್ಟಿದ ಹಾಗೆ.

ಮದುವೆಯಾದ ಮೇಲೆ ಇದು ಮೊದಲ ಮಳೆಗಾಲ. ನಲವತ್ತು ದಾಟಿ ಮದುವೆಯಾದರೆ ಗಂಡನ ಹಿಂದೆ ಅವರ ಹಳೇ ಚಾಳಿಗಳೂ ಮನೆ ತುಂಬುತ್ತವೆ. ಲಿಫ್ಟ್ ರಿಪೇರಿ ಮಾಡೋರಲ್ವಾ, ಎಲ್ಲವನ್ನೂ ಮುಟ್ಟಿ ನೋಡೋ ಅಭ್ಯಾಸ ಇರಬೇಕು.

"ಎಷ್ಟಿದೆ ಜ್ವರ?" ಅಂದೆ. ನಗಲಿಲ್ಲ.

ಅಂಗಡಿಗೆ ಹೊತ್ತಾಯ್ತು. ಮೂರು ಕನ್ನಡಕ ಸಂಜೆಯೊಳಗೆ ಕೊಡಬೇಕು.

ಜೂನ್ 19

ನನಗೆ ಮಳೆಗಾಳಿ ಅಂದರೆ ರಜಾ. ಸಮುದ್ರದ ಪಕ್ಕ ಬೆಳೆದವಳು. ಪ್ರತಿ ವರ್ಷ ಚಂಡಮಾರುತ ಬರುತ್ತೆ ಅನ್ನೋರು. ಅಪ್ಪ ಕಿಟಕಿ ಬಿಗಿದು ಬರೋರು. ಅಕ್ಕ, ನಾನು, ಅಮ್ಮ, ಎಲ್ಲ ಒಂದೇ ಮಂಚದ ಮೇಲೆ. ಇಸ್ಪೀಟು. ಬೆಳಗಾದರೆ ಆಕಾಶ ಪಳಪಳ, ಗಾಳಿ ಇನ್ನೆಲ್ಲಿಗೋ ತಿರುಗಿಕೊಂಡಿರೋದು. ಅಷ್ಟು ಖುಷಿ ಮತ್ತೆ ಪಟ್ಟಿದ್ದೇ ಇಲ್ಲ.

ಊಟ ಮಾಡ್ತಾ ಇದನ್ನೆಲ್ಲ ಹೇಳಿದೆ. ಪೂರ್ತಿ ಕೇಳಿದರು. "ಪುಣ್ಯ ಮಾಡಿದ್ದೆ ನೀನು" ಅಂದು ಕೈ ತೊಳೆಯೋಕೆ ಎದ್ದರು.

ಪಕ್ಕದ ಮನೆ ಕಂಡಕ್ಟರ್ ಮಾವ ನನ್ನ ಪಾರ್ಟಿ. ರಿಟೈರಾಗಿ ಎಷ್ಟೋ ವರ್ಷ ಆಗಿದೆ, ಆದರೂ ನಾನು ಗೇಟು ದಾಟೋವಾಗ "ರೈಟ್ ರೈಟ್!" ಅಂತ ಕೂಗದೆ ಇರಲ್ಲ. ಒಂಟಿ ಮನುಷ್ಯ. ನಮ್ಮೆರಡು ಮನೆಗೂ ನಡುವೆ ಒಂದೇ ಗೋಡೆ, ಅವರ ಕೆಮ್ಮು ನಮಗೆ, ನಮ್ಮ ಜಗಳ ಅವರಿಗೆ. ಊರ ಹೊಳೆಯ ಸುದ್ದಿ ತೆಗೆದರೆ ನಗ್ತಾರೆ.

"ಆ ದೊಡ್ಡ ನೆರೇಲೇ ಹೊಳೆ ನಮ್ಮ ಮೆಟ್ಟಿಲ ಕೆಳಗೆ ನಿಂತು ವಾಪಸ್ ಹೋಯ್ತಮ್ಮ. ಟಿಕೆಟ್ ಇಲ್ಲದೆ ಯಾರನ್ನ ಒಳಗೆ ಬಿಟ್ಟಿದೀನಿ ನಾನು?"

ಜುಲೈ 2

ನಿನ್ನೆ ಹೊಳೆ ಏರುತ್ತೆ ಅಂತ ಮೆಸೇಜ್. ಇವರು ಬ್ಯಾಗ್ ಹಿಡಿದು ನಿಂತೇಬಿಟ್ಟರು. ದಿಬ್ಬದ ಮೇಲಿನ ಸ್ಕೂಲಿಗೆ ಹೋದೆವು. ಬೆಂಚಿನ ಮೇಲೆ ಮಲಗಿ ಬೆನ್ನು ಹಲಗೆ ಆಯ್ತು. ಹೊಳೆ ಇದ್ದಲ್ಲೇ ಇದೆ!

ವಾಪಸ್ ಬಂದಾಗ ಮಾವ ಬಾಗಿಲಲ್ಲೇ ಇದ್ದರು. "ಟೂರು ಚೆನ್ನಾಗಿತ್ತಾ?" ನಾನು ಜೋರಾಗಿ ನಕ್ಕೆ. ಇವರು ಸೀದಾ ಒಳಗೆ ಹೋದರು. ಟೀ ಕೊಟ್ಟರೆ ಆರಿಸಿಕೊಂಡು ಕುಡಿದರು.

ಜುಲೈ 23, ಸ್ಕೂಲಿನಲ್ಲಿ, ಮಧ್ಯಾಹ್ನ

ಕೈ ಇನ್ನೂ ಒದ್ದೆ. ಪೆನ್ನು ಜಾರುತ್ತಿದೆ. ಬರೀದೆ ಇದ್ದರೆ ತಲೆ ಸಿಡಿಯುತ್ತೆ.

ಬೆಳಗ್ಗೆ ಜೀಪಿನಲ್ಲಿ ಮೈಕು ಹಿಡಿದು ಕೂಗಿಕೊಂಡು ಹೋದರು — ಮನೆ ಖಾಲಿ ಮಾಡಿ. ಇವರು ಶೂ ಹಾಕಿಕೊಂಡು ಕುರ್ಚಿ ಮೇಲೆ ಕೂತಿದ್ದರು, ಅಷ್ಟೇ.

"ಹೋಗೋಣ ಅನ್ನಲ್ವಾ?"

"ಇನ್ನೊಂದು ಸಲ ನಗೆಪಾಟಲಾಗೋಕೆ ನನ್ನ ಕೈಲಾಗಲ್ಲ."

ಪಕ್ಕದಲ್ಲಿ ಕೂತೆ. ಆಗ ಹೇಳಿದರು. ನನ್ನ ಮುಖ ನೋಡದೆ, ನೆಲ ನೋಡಿಕೊಂಡು. ಇವರಿಗೆ ಹತ್ತು ವರ್ಷ ಇದ್ದಾಗ ಮನೆ ಸುತ್ತ ನೀರು ನಿಂತಿತ್ತಂತೆ. ಹೊಸ್ತಿಲು ಯಾವತ್ತೂ ದಾಟಿಲ್ಲ, ದಾಟಲ್ಲ ಅಂದರಂತೆ ಅಜ್ಜ. ಎಲ್ಲ ಅಲ್ಲೇ ಉಳಿದರು. ತಂಗಿ ಹಿಂದಿನ ಕೋಣೆಯಲ್ಲಿ ಮಲಗಿತ್ತು.

"ಅಜ್ಜ ಹೇಳಿದ್ದು ಸರಿಯಾಗೇ ಇತ್ತು. ನೀರು ಒಳಗೆ ಬರಲೇ ಇಲ್ಲ. ನೆನೆದ ಗೋಡೆ ಬಂತು."

ನಾನು... ಜ್ವರ ಎಷ್ಟಿದೆ ಅಂತ ಕೇಳಿದ್ದೆ.

"ಏಳಿ" ಅಂದೆ. "ನನಗೆ ಹೋಗಬೇಕು. ಕರಕೊಂಡು ಹೋಗಿ."

"ಮಾವನ್ನ ಬಿಟ್ಟು?"

ನಾನು ಪಕ್ಕದ ಮನೆಗೆ ಓಡಿದೆ. ಮಾವ ಮಂಚದ ಮೇಲೆ ಕಾಲು ಚಾಚಿ ರೇಡಿಯೋ ಕೇಳ್ತಿದ್ದರು. "ನೀವು ಹೋಗಿಬನ್ನಿ. ಈ ಮನೆ ನನಗೆ ಗೊತ್ತು."

"ಮನೆ ಗೊತ್ತು ಮಾವ. ಇವರು ಗೊತ್ತಾ?" ತಂಗಿಯ ವಿಷಯ ಎರಡೇ ಮಾತಿನಲ್ಲಿ ಹೇಳಿದೆ. "ನೀರು ಬರಲ್ಲ ಅಂತಲೇ ಇಟ್ಕೊಳ್ಳಿ. ನಾಳೆ ಇಬ್ಬರನ್ನೂ ಆಡಿಕೊಂಡು ನಗಿ. ಇವತ್ತು ಇವರಿಗೋಸ್ಕರ ಬನ್ನಿ. ನಿಮ್ಮನ್ನ ಬಿಟ್ಟು ಹೆಜ್ಜೆ ಎತ್ತಿಡ್ತಿಲ್ಲ."

ಮಾವ ಕಿಟಕಿಯಾಚೆ ನೋಡಿದರು. ಇವರು ಛತ್ರಿ ಬಿಚ್ಚದೆ ಮಳೆಯಲ್ಲಿ ನಿಂತಿದ್ದರು. ಒಂದು ಕೈ ಮಾವನ ಮನೆ ಗೋಡೆ ಮೇಲೆ.

ರೇಡಿಯೋ ಆರಿಸಿದರು. "ಹುಚ್ಚಪ್ಪ... ಮೊದಲೇ ಹೇಳೋದಲ್ವಾ." ಚಪ್ಪಲಿ ಹುಡುಕಿದರು. ಗೇಟಿನ ಹತ್ತಿರ, ಇವರ ಭುಜ ಹಿಡಿದು, ತೀರಾ ಮೆಲ್ಲಗೆ — "ರೈಟ್."

ಈಗ ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತಿದಾರೆ. ಮಳೆ ನಿಲ್ಲೋ ಹಾಗೆ ಕಾಣಲ್ಲ.

ಜುಲೈ 26

ಗೋಡೆ ಬೀಳಲಿಲ್ಲ. ನೀರು ಬಂತು.

ಎರಡೂ ಮನೆಯಲ್ಲಿ ಸ್ವಿಚ್ ಬೋರ್ಡಿನವರೆಗೆ ಕೆಸರಿನ ಗೆರೆ. ಮಾವನ ಬಾಗಿಲು ತೆರೆಯಲೇ ಇಲ್ಲ. ಒಳಗೆ ಮಂಚ ತೇಲಿ ಬಂದು ಬಾಗಿಲಿಗೆ ಅಡ್ಡ ಸಿಕ್ಕಿಕೊಂಡಿತ್ತು. ಕಿಟಕಿಗೆಲ್ಲ ಕಂಬಿ. ಇವರು ಬಾಗಿಲನ್ನ ಕೀಲಿನಿಂದ ಕಳಚಿ ತೆಗೆದರು.

ಮಾವ ಆ ಮಂಚವನ್ನ ತುಂಬಾ ಹೊತ್ತು ನೋಡಿದರು. "ಲಾಸ್ಟ್ ಸ್ಟಾಪ್ ಆಗಿಬಿಡ್ತಿತ್ತು" ಅಂದರು. ಆಮೇಲೆ ಇವರ ಕೈ ಹಿಡಿದುಕೊಂಡು ಅತ್ತರು. ಇವರು ಏನು ಮಾಡಬೇಕೋ ತಿಳಿಯದೆ ಇನ್ನೊಂದು ಕೈಯಿಂದ ಅವರ ಅಂಗಿಯ ಕೆಸರು ಒರೆಸುತ್ತಾ ನಿಂತಿದ್ದರು.

ಆಗಸ್ಟ್ 20

ಬರೀಲಿಕ್ಕೆ ಬಿಡುವೇ ಇರಲಿಲ್ಲ. ತೊಳೆದದ್ದೇ ತೊಳೆದದ್ದು. ಮಾವ ನಮ್ಮ ಜೊತೆಗೇ ಇದ್ದಾರೆ, ಅವರ ಮನೆ ಒಣಗೋವರೆಗೆ. ಒಂದು ತುಂಡು ಮೋಡ ಕಂಡರೆ ಸಾಕು, "ಹೊರಡೋದಾ?" ಅಂತಾರೆ. ನಿನ್ನೆ ಅದು ಪಕ್ಕದ ಬೇಕರಿಯ ಹೊಗೆ. ಇವರೇ ಸಮಾಧಾನ ಮಾಡಬೇಕಾಯ್ತು!

ಸೆಪ್ಟೆಂಬರ್ 14, ಭಾನುವಾರ ಮಧ್ಯಾಹ್ನ

ಮಳೆ. ಅಂಥಾದ್ದೇನಲ್ಲ, ಹೂವಿನ ಹಾಗೆ ಉದುರುತ್ತಿದೆ. ಊಟ ಮಾಡಿ ಇವರು ಮಲಗಿದರು. ನಿದ್ದೆ ಹೋಗಿದಾರೆ, ಮಳೆಯಲ್ಲಿ, ಬಾಯಿ ತೆರೆದುಕೊಂಡು. ಇದನ್ನ ನೋಡಿಯೇ ಇರಲಿಲ್ಲ ನಾನು.

ನನಗೆ ನಿದ್ದೆ ಇಲ್ಲ. ಆಗಿಂದ ಬಾಗಿಲಿಗೆ ಹೋಗಿ ಬರ್ತಿದೀನಿ. ಚರಂಡಿ ಎಷ್ಟು ತುಂಬಿದೆ, ರಸ್ತೆಯ ಬಣ್ಣ ಬದಲಾಯ್ತಾ... ಮಂಚದ ಮೇಲೆ ಇಸ್ಪೀಟಾಡಿದ ಹುಡುಗಿ ಎಲ್ಲಿ ಹೋದಳೋ.

ಎದ್ದರು. "ಯಾಕೆ ಮಲಗಿಲ್ಲ?"

"ಮಳೆ."

ಸಣ್ಣ ಮಳೆ ಅಂತ ಹೇಳಬಹುದಿತ್ತು. ಹೇಳಲಿಲ್ಲ. ಕಣ್ಣುಜ್ಜಿಕೊಂಡು ಎದ್ದು ಕೂತರು. "ಇಬ್ಬರೂ ಯಾಕೆ ಎದ್ದಿರಬೇಕು? ನೀನು ಮಲಗು, ನಾನು ನೋಡ್ತಿರ್ತೀನಿ."

"ನಿಮ್ಮ ನಿದ್ದೆ?"

"ನಂದು ಆಯ್ತು."

ಜರುಗಿ ಜಾಗ ಮಾಡಿಕೊಟ್ಟರು. ಅವರು ಮಲಗಿದ್ದ ಜಾಗ, ಬೆಚ್ಚಗಿದೆ. ಇಲ್ಲಿಂದ ನೋಡಿದರೆ ಅವರ ಬೆನ್ನು, ಅದರಾಚೆ ಬಾಗಿಲು, ಬಾಗಿಲಾಚೆ ಮಳೆ. ಕಣ್ಣು ಎಳೀತಿದೆ. ಇನ್ನೂ ಏನೋ ಬರೀಬೇಕು ಅಂತಿದ್ದೆ, ಅದು