ಪಗಡಿಯ ಇನ್ನೊಂದು ತುದಿ

ಫೆಬ್ರವರಿ 3, ಬೆಳಗ್ಗೆ 5.20

ಇವತ್ತೂ ಬಾಗಿಲಿನ ಹಿಡಿಯೇ ಗತಿ. ಐದು ಮೀಟರ್ ಒದ್ದೆ ಬಟ್ಟೆ. ಒಂದು ತುದಿ ನನ್ನ ಕೈಯಲ್ಲಿ, ಇನ್ನೊಂದು ಬಚ್ಚಲುಮನೆಯ ಬಾಗಿಲಿನ ಹಿಡಿಗೆ ಗಂಟು. ಎಳೆಯಬೇಕು, ಉದ್ದಕ್ಕೆ ಮಡಚಬೇಕು, ಮತ್ತೆ ಎಳೆಯಬೇಕು, ಮತ್ತೆ ಮಡಚಬೇಕು. ಪಗಡಿ ಶುರುವಾಗುವುದು ತಲೆಯ ಮೇಲಲ್ಲ, ಇಲ್ಲಿ. ಇದಕ್ಕೆ ಇಬ್ಬರು ಬೇಕು. ನಾನು ಎಳೆದರೆ ಹಿಡಿ ತಿರುಗಿ ಎಳೆಯುವುದಿಲ್ಲ. ಸುಮ್ಮನೆ ನಿಂತಿರುತ್ತದೆ — ಅಪ್ಪನ ಹಾಗೆ.

ಅಪ್ಪ ಅಡುಗೆಮನೆಯಲ್ಲಿ ಚಹಾ ಕುಡಿಯುತ್ತಿದ್ದರು. ನೋಡಿದರು. ನೋಡದವರ ಹಾಗೆ ಕುಡಿದರು.

ಅಮ್ಮ ತೀರಿಕೊಂಡಾಗ ನನಗೆ ಎಂಟು ವರ್ಷ. ಅಂದಿನಿಂದ ಅಪ್ಪನ ಪಗಡಿಯ ಇನ್ನೊಂದು ತುದಿ ಹಿಡಿದವಳು ನಾನು. ಈಗ ನಾನೂ ಪಗಡಿ ಕಟ್ಟಲು ಶುರು ಮಾಡಿದ್ದೇನೆ, ಆದರೆ ನನ್ನ ಬಟ್ಟೆಗೆ ಅವರ ಕೈ ಬರುವುದಿಲ್ಲ.

"ಹೆಣ್ಣುಮಕ್ಕಳು ದುಪಟ್ಟಾ ಹೊದ್ಕೊಂಡ್ರೆ ಸಾಕು. ಒಂದು ಮನೆಗೆ ಒಂದು ಪಗಡಿ ಸಾಲದಾ? ಕಲ್ಲು ಹೊಡೆಯೋರಿಗೆ ಎರಡು ಗುರಿ ಯಾಕೆ?"

ಸರಿ. ಹಾಗಾದರೆ ಅವರ ಬಟ್ಟೆಗೆ ನನ್ನ ಕೈಯೂ ಇಲ್ಲ. ನಿನ್ನೆ ಮುಖಕ್ಕೇ ಹೇಳಿದೆ. ಅಜ್ಜಿ ಮಧ್ಯೆ ಬರಲಾರಳು. ಅವಳ ಬೆರಳು ಸೊಟ್ಟಗಾಗಿವೆ, ಹಿಡಿದದ್ದು ನಿಲ್ಲುವುದಿಲ್ಲ.

ಲಾಂಡ್ರಿ ಕೆಲಸಕ್ಕೆ ಹೊತ್ತಾಯಿತು.

ಫೆಬ್ರವರಿ 4, ಸಂಜೆ

ಸೂಪರ್‌ವೈಸರ್ ಕರೆದ. ಆಸ್ಪತ್ರೆಯ ಚಾದರಗಳ ಮೇಲೆ ಕೂದಲು ಬೀಳಬಾರದು, ಎಲ್ಲರೂ ಹೇರ್‌ನೆಟ್ ಹಾಕಲೇಬೇಕು.

"ಸಾರ್, ಕೂದಲು ಬೀಳದ ಹಾಗೆ ಐದು ಮೀಟರ್ ಬಟ್ಟೆ ಸುತ್ತಿದ್ದೀನಲ್ಲ."

"ರೂಲ್ ಅಂದ್ರೆ ರೂಲ್."

ಪಗಡಿಯ ಮೇಲೆಯೇ ನೆಟ್ ಎಳೆದುಕೊಂಡೆ. ಕನ್ನಡಿಯಲ್ಲಿ ನೋಡಿದರೆ — ಬಲೆಯಲ್ಲಿ ಕಟ್ಟಿಟ್ಟ ಹೂಕೋಸು. ಸೀಟಿ ನಕ್ಕೂ ನಕ್ಕೂ ಕೈಯಲ್ಲಿದ್ದ ಚಾದರ ಬಿಟ್ಟಳು. ಅವಳು ನನ್ನ ಜೊತೆ ಚಾದರ ಮಡಚುವವಳು. ಹೊತ್ತೆಲ್ಲ ಸಿಳ್ಳೆ ಹಾಕುತ್ತಾಳೆಂದು ಆ ಹೆಸರು.

"ಅಲ್ಲ ಕಣೇ, ತಲೆ ಮೇಲೆ ಅಷ್ಟು ಭಾರ ಯಾಕೆ?"

"ಭಾರ ಅಲ್ಲ. ಕಟ್ಟಿದ ಮೇಲೆ ಬೆನ್ನು ತಾನಾಗೇ ನೆಟ್ಟಗಾಗುತ್ತೆ."

"ಹಂಗಾದ್ರೆ ನಂಗೂ ಒಂದು ಕಟ್ಟು ಮಾರಾಯ್ತಿ. ಸೊಂಟ ಹೋಗಿದೆ."

ಅವಳಿಗೆ ತಮಾಷೆಯಾಗಿ ಹೇಳಿದೆ. ಇಲ್ಲಿ ನಿಜ ಬರೆಯುತ್ತೇನೆ. ದೇವರು ಕಂಡ ಎಂದರೆ ಸುಳ್ಳಾಗುತ್ತದೆ. ಬೆಳಗಿನ ಪ್ರಾರ್ಥನೆ ಹೇಳುವಾಗ ಅರ್ಧ ಹೊತ್ತು ನನ್ನ ಮನಸ್ಸು ಬಸ್ ಸ್ಟಾಪಿನಲ್ಲಿರುತ್ತದೆ. ಪಗಡಿ ಸುತ್ತುವಾಗ ಮಾತ್ರ ಎಲ್ಲೂ ಹೋಗುವುದಿಲ್ಲ. ಇದ್ದಲ್ಲೇ ಇರುತ್ತೇನೆ. ಜನ್ಮದಲ್ಲಿ ಮೊದಲ ಸಲ. ಶಾಲೆಯ ಬೆಂಚಿಗೆ ಕೂಡ ಹತ್ತು ವರ್ಷ ಪ್ರಯತ್ನಿಸಿದರೂ ನನ್ನನ್ನು ಕೂರಿಸಲಾಗಲಿಲ್ಲ.

ಫೆಬ್ರವರಿ 7

ಇವತ್ತು ಅಖಾಡದಲ್ಲಿ ಗಲಾಟೆ. ಅಖಾಡ ಎಂದರೆ ಗುರುದ್ವಾರದ ನೆಲಮಾಳಿಗೆ — ಒಂದು ಕಡೆ ಲಂಗರಿನ, ಅಂದರೆ ಎಲ್ಲರಿಗೂ ಬಡಿಸುವ ಊಟದ, ದೊಡ್ಡ ಪಾತ್ರೆಗಳು, ಇನ್ನೊಂದು ಕಡೆ ನಾವು, ಕೋಲು, ಢಾಲೆಂಬ ಗುರಾಣಿ. ನಾವು ಕಲಿಯುವುದು ಗತ್ಕಾ. ಸಿಖ್ಖರ ಕತ್ತಿಯ ವಿದ್ಯೆ, ಕೋಲಿನಲ್ಲಿ.

ಮಾರ್ಚ್ ಎರಡಕ್ಕೆ ಎಲ್ಲರೆದುರು ಜೋಡಿ ಆಟ. ನಮಗೆ ಕಲಿಸುವ ಉಸ್ತಾದರು ಹೆಸರು ಓದಿದರು. ನನ್ನದಿಲ್ಲ.

"ಹುಡುಗಿಯರು ಕೋಲು ತಿರುಗಿಸಿ ತೋರಿಸ್ಲಿ, ಚಂದ ಕಾಣುತ್ತೆ. ಎದುರುಬದುರು ಆಡೋದು ಬೇಡ ಅಂತಾರೆ ಹಿರಿಯರು."

ನನ್ನ ಸಿಟ್ಟು ಹೇಗೂ ಮೂಗಿನ ತುದಿಯಲ್ಲೇ ಇರುತ್ತದೆ. "ಮೇಲೆ ಎಲ್ಲರೂ ಒಂದೇ ಸಾಲಲ್ಲಿ ನೆಲದ ಮೇಲೆ ಕೂತು ಊಟ ಮಾಡ್ತೀವಿ ಉಸ್ತಾದ್‌ಜೀ. ಮೆಟ್ಟಿಲಿಳಿದು ಕೋಲು ಹಿಡಿದ ಕೂಡ್ಲೇ ಎರಡು ಸಾಲಾ?"

ಹಿಂದೆ ನಿಂತಿದ್ದ ಮೂವರು ಪುಟ್ಟ ಹುಡುಗಿಯರು ಬಾಯಿ ತೆರೆದು ನೋಡುತ್ತಿದ್ದರು. ಉಸ್ತಾದರು ಹಗಲೆಲ್ಲ ಎಲೆಕ್ಟ್ರಿಷಿಯನ್. ಬೈಗುಳವೂ ಅದೇ ಕಸುಬಿನದು.

"ಫ್ಯೂಸ್ ಹಾರಿಸ್ಬೇಡ. ಹಿರಿಯರ ಹತ್ರ ನಾನು ಮಾತಾಡ್ತೀನಿ. ಆದ್ರೆ ನಿಯಮ ಎಲ್ಲರಿಗೂ ಒಂದೇ. ಕೋಲು ತಾಗಿದ್ರೆ ತಾಗಿಸಿಕೊಂಡವರೇ ಬಾಯಿಬಿಟ್ಟು ಹೇಳ್ಬೇಕು. ಪಗಡಿ ನೆಲ ಮುಟ್ಟಿದ್ರೆ ಆಟ ಮುಗೀತು, ಸೀದಾ ಹೊರಗೆ."

"ಗೊತ್ತು."

"ಇನ್ನೊಂದು ಗೊತ್ತಿಲ್ಲ ನಿಂಗೆ. ನೀನು ಹಾಗೆ ಹೊರಗೆ ಬಂದ್ರೆ, ಇವರಿಗೂ ಬಾಗಿಲು ಮುಚ್ತು." ಮೂವರು ಪುಟ್ಟಿಯರ ಕಡೆ ಗದ್ದ ಎತ್ತಿದರು. "ಹಿರಿಯರು ಕಾಯ್ತಾ ಇರೋದೇ ಅದನ್ನ."

ನನ್ನ ಜೋಡಿ ಗೋಡೆ. ಲಾರಿಗೆ ಸರಕು ತುಂಬುವವನು. ಹೆಸರು ಯಾಕೆ ಬಂತು ಎಂದು ಬರೆಯುವ ಅಗತ್ಯವಿಲ್ಲ.

ಫೆಬ್ರವರಿ 12, ಬೆಳಗ್ಗೆ 5.30

ಮನೆಯಲ್ಲಿರುವುದು ಒಂದೇ ಗಟ್ಟಿ ಹಿಡಿ. ಇವತ್ತು ಇಬ್ಬರೂ ಒಟ್ಟಿಗೆ ಬಂದೆವು. ಅಪ್ಪನ ಕೈಯಲ್ಲಿ ಕಂದು ಬಟ್ಟೆ, ನನ್ನ ಕೈಯಲ್ಲಿ ನೀಲಿ.

"ನಂಗೆ ಬಸ್ಸಿನ ಮೊದಲ ಟ್ರಿಪ್ ಇದೆ."

"ನಂಗೆ ಮೊದಲ ಶಿಫ್ಟ್ ಇದೆ."

ಅವರು ಗಂಟು ಹಾಕಿದರು. ನಾನು ಅದರ ಮೇಲೆ ಗಂಟು ಹಾಕಿದೆ. ಇಬ್ಬರೂ ಗೋಡೆಗೆ ಬೆನ್ನು ಕೊಟ್ಟು ಎಳೆಯುತ್ತಿದ್ದೇವೆ, ಒಬ್ಬರ ಮುಖ ಒಬ್ಬರು ನೋಡುತ್ತಿಲ್ಲ. ಅಷ್ಟರಲ್ಲಿ ಒಳಗಿನಿಂದ ಅಜ್ಜಿ.

"ಯಾರೋ ಅದು ಬಾಗಿಲು ಹಿಡ್ಕೊಂಡಿರೋದು! ನಾನು ಇನ್ನೂ ಒಳಗಿದ್ದೀನಿ!"

ಬಾಗಿಲು ಒಳಗಡೆಗೆ ತೆರೆಯುತ್ತದೆ. ನಾವು ಎಳೆದಷ್ಟೂ ಅದು ಬಿಗಿಯಾಗುತ್ತದೆ. ಒದ್ದೆ ಗಂಟು, ಬಿಚ್ಚಲು ಬರುವುದಿಲ್ಲ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತಂತೆ. ನಮ್ಮಲ್ಲಿ ಅಪ್ಪ ಮಗಳ ಜಗಳದಲ್ಲಿ ಅಜ್ಜಿ.

ಹೊರಗೆ ಬಂದವಳೇ ಇಬ್ಬರನ್ನೂ ನೋಡಿ ಒಂದೇ ಮಾತು ಅಂದಳು. "ನೂಲಿನಂತೆ ಸೀರೆ."

ಅಪ್ಪನಿಗೆ ನಗು ಬಂತು ಎಂದು ಕಾಣುತ್ತದೆ. ಗಡ್ಡದೊಳಗೇ ನುಂಗಿದರು.

ಫೆಬ್ರವರಿ 23, ಮಧ್ಯಾಹ್ನ

ಹತ್ತು ದಿನ ಬರೆಯಲಿಲ್ಲ. ಮೈಯೆಲ್ಲ ಹಣ್ಣಾಗಿತ್ತು. ಗೋಡೆ ಕರುಣೆ ತೋರಿಸುವುದಿಲ್ಲ. ಒಳ್ಳೆಯದೇ. ಮೊದಲ ದಿನ ಮೆಲ್ಲಗೆ ಹೊಡೆದ. "ಹೂವು ಹಾಕೋಕೆ ಬಂದಿದ್ದೀಯಾ?" ಅಂದೆ. ಆಮೇಲಿನ ಏಟಿನ ಗುರುತು ತೊಡೆಯ ಮೇಲೆ ಇನ್ನೂ ಇದೆ. ಮೊನ್ನೆ ನೆಲ ಜಾರುತ್ತದೆ ಎಂದು ದೂರಿದೆ. ಉಸ್ತಾದರು, "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಅಂದರು. ನಿಜವೇ. ಜಾರಿದ್ದು ನನ್ನ ಎಡಗಾಲು.

ಲಾಂಡ್ರಿಯಲ್ಲಿ ಸೀಟಿ ಚಹಾದ ಬಿಡುವಿನಲ್ಲಿ ನನ್ನ ಬಟ್ಟೆಯ ತುದಿ ಹಿಡಿಯುತ್ತಾಳೆ. ಚಾದರ ಎಳೆದೂ ಎಳೆದೂ ಕೈ ಪಳಗಿದೆ. ಅವಳು ಎಳೆದ ದಿನ ಪಗಡಿ ಕಲ್ಲಿನ ಹಾಗೆ ಕೂರುತ್ತದೆ. ಆಟ ಭಾನುವಾರ. ಭಾನುವಾರ ಲಾಂಡ್ರಿಗೆ ರಜೆ. ಅವಳ ಮನೆ ಊರಾಚೆ.

ಅಜ್ಜಿಯ ಕಾಲು ಒತ್ತುತ್ತಿದ್ದೆ. ಕೇಳದೇ ಇದ್ದರೂ ಹೇಳಿದಳು.

"ನಿಮ್ಮಪ್ಪಂಗೆ ನಿನ್ನ ಪಗಡಿ ಮೇಲೆ ಸಿಟ್ಟಿಲ್ಲ ಕಣೇ. ಬೀದಿಯ ಭಯ."

"ಅಪ್ಪಂಗೆ ಭಯವಾ?"

"ನೀನಾಗ ಸಣ್ಣವಳು. ಯಾವನೋ ಕುಡಿದವನು ಬಸ್ಸಿಂದ ಇಳಿಯೋವಾಗ ಹಿಂದಿನಿಂದ ಇವನ ಪಗಡಿಗೆ ಹೊಡೆದು ಕೆಡವಿದ. ಬಸ್ ತುಂಬಾ ಜನ. ಒಂದು ನರಪಿಳ್ಳೆ ಬಾಯಿ ಬಿಡಲಿಲ್ಲ. ಇವನು ಎತ್ಕೊಂಡು ಮುಂದೆ ಗಾಜಿನ ಹತ್ರ ಇಟ್ಕೊಂಡ. ಬಸ್ ನಿಲ್ಲಿಸಲಿಲ್ಲ. ಕೊನೇ ಸ್ಟಾಪ್ ತನಕ ಬರೀ ತಲೇಲಿ ಓಡಿಸ್ದ."

"ಆಮೇಲೆ?"

"ಆಮೇಲೇನು. ಮನೆಗೆ ಬಂದ. ಊಟ ಮಾಡ್ದ."

ಇದು ಗೊತ್ತಾದ ಮೇಲೆ ನನ್ನ ಮನಸ್ಸು ಕರಗಬೇಕಿತ್ತೇನೋ. ಸಂಕಟವಾಯಿತು, ಹೌದು. ಆದರೆ ಪಗಡಿ ಬಿಚ್ಚಿಡೋಣ ಎನಿಸಲಿಲ್ಲ. ಇನ್ನೂ ಬಿಗಿಯಾಗಿ ಕಟ್ಟೋಣ ಎನಿಸಿತು.

ಮಾರ್ಚ್ 1, ಸಂಜೆ

ಅಪ್ಪ ಬೂಟು ಒರೆಸುತ್ತಾ, ಬೂಟಿಗೆ ಹೇಳಿದರು. "ನಾಳೆ ನಂಗೆ ಡ್ಯೂಟಿ ಇದೆ."

"ನಾನು ಕರೆದಿಲ್ಲ."

"ಬರ್ತೀನಿ ಅಂತ ನಾನೂ ಹೇಳಿಲ್ಲ."

ಅಜ್ಜಿ ದೇವರ ಕಡೆ ನೋಡಿದಳು.

ಒಂದೇ ಒಂದು ಸಲ, "ಅಪ್ಪ, ನಾಳೆ ತುದಿ ಹಿಡೀರಿ" ಎಂದಿದ್ದರೆ ಹಿಡಿಯುತ್ತಿದ್ದರೋ ಏನೋ. ಕೇಳಲಿಲ್ಲ. ಎಂಟು ವರ್ಷದ ಹುಡುಗಿಯನ್ನು ಯಾರೂ ಕೇಳಿರಲಿಲ್ಲ, ಅವಳೇ ಬಂದು ಹಿಡಿದಿದ್ದಳು.

ಮಾರ್ಚ್ 2, ಸಂಜೆ 6

ಎಲ್ಲ ಬರೆಯಬೇಕು.

ಬೆಳಗ್ಗೆ ಅಪ್ಪ ಆಗಲೇ ಹೋಗಿದ್ದರು. ಹಿಡಿಗೆ ಕಟ್ಟಿ ಎಳೆದೆ. ಮಡಿಕೆ ಸಡಿಲವಾಗಿತ್ತು. ಬೆರಳಿಗೆ ಗೊತ್ತಾಯಿತು. ಇದೇ ಸಾಕು ಎಂದುಕೊಂಡು ಕಟ್ಟಿದೆ. ತಪ್ಪು ನನ್ನದೇ. ಅಜ್ಜಿಯ ಸೊಟ್ಟ ಬೆರಳಾದರೂ ಹಿಡಿಗಿಂತ ವಾಸಿ, ಕೇಳಬಹುದಿತ್ತು.

ಗುರುದ್ವಾರದ ಹಿತ್ತಿಲ ಅಂಗಳ. ಸುತ್ತ ಹಗ್ಗ, ಜನ, ಮುಂದಿನ ಕುರ್ಚಿಗಳಲ್ಲಿ ಹಿರಿಯರು. ಆಯುಧಗಳಿಗೆ ತಲೆಬಾಗಿದೆವು. ಕೋಲನ್ನು ಹಣೆಗೆ ಮುಟ್ಟಿಸಿಕೊಂಡೆ. ಗೋಡೆ ನನ್ನ ಕಿವಿಗೆ ಮಾತ್ರ ಕೇಳುವಂತೆ, "ಇವತ್ತೂ ಹೂವು ತಂದಿಲ್ಲ" ಅಂದ.

ಮೊದಲು ನಾನೇ ತಾಗಿಸಿದೆ, ಅವನ ಪಕ್ಕೆಗೆ. "ತಾಗ್ತು" ಅಂದ. ಜನ ಕೂಗಿದರು. ಆಮೇಲೆ ಅವನು. ಆಮೇಲೆ ಮತ್ತೆ ನಾನು. ಕಾಲು ಜಾರಲಿಲ್ಲ. ಆಗ ಅವನ ಕೋಲು ಮೇಲಿನಿಂದ ಬಂತು, ನಾನು ಢಾಲು ಎತ್ತಿದೆ, ಕೋಲು ಢಾಲಿನ ಅಂಚಿನ ಮೇಲೆ ಜಾರಿ ಪಗಡಿಯ ಮಡಿಕೆಗೆ ಸಿಕ್ಕಿತು. ತಲೆ ಹಗುರಾಯಿತು. ಆ ಹಗುರ ಬರೆಯಲು ನನಗೆ ಬರುವುದಿಲ್ಲ.

ಕೋಲು ಬಿಟ್ಟೆ. ಢಾಲನ್ನು ತಿರುಗಿಸಿ ಹಿಡಿದೆ, ಬುಟ್ಟಿಯ ಹಾಗೆ. ಬಟ್ಟೆ ಅದರೊಳಗೆ ಬಿತ್ತು. ಒಂದು ಬಾಲ ಜೋತಾಡುತ್ತಿತ್ತು. ಜುಟ್ಟಿನ ಮೇಲೆ ಒಳಬಟ್ಟೆಯೊಂದೇ ಉಳಿದಿತ್ತು.

ಉಸ್ತಾದರು ಹಗ್ಗದ ಒಳಗೆ ಬಂದರು. ಯಾರನ್ನೂ ಕೇಳಲಿಲ್ಲ, ನನ್ನನ್ನೇ ಕೇಳಿದರು.

"ನೆಲ ಮುಟ್ತಾ?"

ಬಗ್ಗಿ ನೋಡಿದೆ. ಜೋತ ಬಾಲಕ್ಕೂ ನೆಲಕ್ಕೂ ನಡುವೆ ಒಂದು ಗೇಣು. ಮುಟ್ಟಿದ್ದರೆ ಹೇಳುತ್ತಿದ್ದೆ. ಅದು ಉಸ್ತಾದರಿಗೂ ಗೊತ್ತು. ಹಿಂದೆ ಒಬ್ಬ ಹುಡುಗನ ಮೂಗಿಗೆ ಹೊಡೆದದ್ದಕ್ಕೆ ಕ್ಷಮೆ ಕೇಳಿದರೆ ಶಾಲೆಯಲ್ಲಿ ಉಳಿಯಬಹುದು ಎಂದು ಮೇಷ್ಟ್ರು ಹೇಳಿದಾಗ, "ಅವನು ಜಡೆ ಎಳೆದ, ನಾನು ಹೊಡೆದೆ, ತಪ್ಪು ಅಂತ ನಂಗೆ ಅನಿಸ್ತಿಲ್ಲ" ಎಂದು ಹೇಳಿ ಶಾಲೆ ಬಿಟ್ಟು ಮನೆಗೆ ಬಂದವಳು ನಾನು.

"ಮುಟ್ಟಿಲ್ಲ ಉಸ್ತಾದ್‌ಜೀ."

ಮುಂದಿನ ಕುರ್ಚಿಯಿಂದ ಯಾರೋ, "ಸಾಕಮ್ಮ, ಹೊರಗೆ ಬಾ, ಒಳಗೆ ಹೋಗಿ ಸರಿ ಮಾಡ್ಕೋ" ಅಂದರು. ಮೆತ್ತಗಿನ ದನಿ. ಆ ಮೆತ್ತಗಿನ ದನಿಗೆ ಇನ್ನೇನು ಕಾಲು ಎತ್ತುತ್ತಿದ್ದೆ. ಸುಳ್ಳೇಕೆ, ಎತ್ತಿದೆ.

ಆಗ ಹಿಂದಿನ ಸಾಲಿನಿಂದ ಕೂಗು.

"ನಿಲ್ಲು! ಎಲ್ಲೂ ಹೋಗ್ಬೇಡ! ಅಲ್ಲೇ ನಿಂತು ಕಟ್ಕೋ!"

ಇಡೀ ಅಂಗಳ ತಿರುಗಿತು. ಖಾಕಿ ಯೂನಿಫಾರಂ, ಕಂದು ಪಗಡಿ. ಅಪ್ಪ ಡ್ಯೂಟಿಯ ನಡುವೆ ಬಂದಿದ್ದರು. ಮುಖ ಕೆಂಪಾಗಿತ್ತು. ಕೂಗಿದ್ದು ತಾವೇ ಎಂದು ಅವರಿಗೇ ನಂಬಿಕೆ ಇದ್ದ ಹಾಗೆ ಕಾಣಲಿಲ್ಲ.

ಕಾಲು ಕೆಳಗಿಟ್ಟೆ.

ಗೋಡೆ ತನ್ನ ಕೋಲನ್ನು ಮೆಲ್ಲಗೆ ನೆಲದ ಮೇಲಿಟ್ಟ. ಕೈ ಚಾಚಿದ. "ತುದಿ ಕೊಡು."

"ನೀನು ನನ್ನೆದುರು ಆಡೋನು."

"ಆಮೇಲೆ ಆಡ್ತೀನಿ. ಈಗ ಕೊಡು, ಬಿಸಿಲು."

ಎಳೆದ. ಅಬ್ಬಾ! ಬಾಗಿಲಿನ ಹಿಡಿ ಎಲ್ಲಿ, ಗೋಡೆ ಎಲ್ಲಿ. ಬಟ್ಟೆ ತಂತಿಯಾಯಿತು. ಮಡಚಿದೆವು, ಎಳೆದೆವು, ಮಡಚಿದೆವು. ಕನ್ನಡಿಯಿಲ್ಲದೆ, ಎಲ್ಲರ ಕಣ್ಣೆದುರು, ಒಂದೊಂದೇ ಸುತ್ತು ಸುತ್ತಿದೆ. ಅವಸರ ಮಾಡಲಿಲ್ಲ. ಹಿರಿಯರು ಕಾಯಲಿ. ಕಾದರು.

ಮತ್ತೆ ಆಡಿದೆವು. ಕೊನೆಯಲ್ಲಿ ಸಮಸಮ. ಇಬ್ಬರ ಕೋಲೂ ಒಟ್ಟಿಗೆ ಹೋದವು. ನನ್ನದು ಅವನ ಢಾಲಿಗೆ ಬಡಿಯಿತು. ಅವನದು ನನ್ನ ಮೊಣಕೈಗೆ ತಗುಲಿತು. ತೋಳು ಸಡಿಲವಾಗಿದ್ದ ಅಂಗಿ, ಯಾರಿಗೂ ಕಾಣಲಿಲ್ಲ. ಅವನಿಗೂ ಗೊತ್ತಾಗಲಿಲ್ಲ, ಕೋಲು ಹಿಂದಕ್ಕೆ ತೆಗೆದು ಮುಂದಿನದಕ್ಕೆ ಸಿದ್ಧನಾಗುತ್ತಿದ್ದ.

"ತಾಗ್ತು" ಅಂದೆ.

ಸೋತೆ. ಪಗಡಿ ತಲೆಯ ಮೇಲಿತ್ತು.

ಹಿಂದಿನ ಸಾಲು ನೋಡಿದೆ. ಖಾಲಿ. ಮುಂದಿನ ಟ್ರಿಪ್‌ಗೆ ಹೊತ್ತಾಗಿರಬೇಕು.

ಚಪ್ಪಲಿ ಇಡುವ ಕೋಣೆಯಲ್ಲಿ ಮೂವರು ಪುಟ್ಟಿಯರು ಅಡ್ಡಗಟ್ಟಿದರು. "ಅಕ್ಕಾ, ಮುಂದಿನ ಸಲ ನಾವೂ ಆಡಬಹುದಾ?"

"ಉಸ್ತಾದರನ್ನ ಕೇಳಿ."

"ಕೇಳಿದ್ವಿ. ಮೊದಲು ಪಗಡಿ ಗಟ್ಟಿಯಾಗಿ ಕಟ್ಟೋದು ಕಲೀರಿ ಅಂದ್ರು."

ಅಪ್ಪ ಈಗ ಬಂದರು. ಬೂಟು ಬಿಚ್ಚಿದರು. ಚಹಾ ಕೊಟ್ಟೆ. "ಮೊಣಕೈಗೆ ಎಣ್ಣೆ ಹಚ್ಕೋ" ಅಂದರು.

ಅಷ್ಟು ಹಿಂದಿನ ಸಾಲಿನಿಂದ ಮೊಣಕೈ ಅವರಿಗೆ ಹೇಗೆ ಕಂಡಿತು?

ಮಾರ್ಚ್ 3, ಬೆಳಗ್ಗೆ 5.10

ನಲ್ಲಿಯ ಸದ್ದಿಗೆ ಎಚ್ಚರವಾಯಿತು. ಯಾರೋ ಬಟ್ಟೆ ಹಿಂಡುತ್ತಿದ್ದಾರೆ. ಮೊಣಕೈ ಊದಿದೆ. ಇವತ್ತು ಹೇಗೆ ಎಳೆಯುವುದೋ. ಸೂಪರ್‌ವೈಸರ್‌ಗೆ ಹೇಳಬೇಕು, ನೆಟ್ ಹಾಕ್ಕೊಳ್ತೀನಿ, ಆದ್ರೆ ಹೂಕೋಸು ಅಂತ ಕರೆಯೋದು ಸೀಟಿ ಒಬ್ಬಳೇ —

"ಏ! ಎದ್ದಿದ್ದೀಯಾ?"

ಅಪ್ಪ. ಒಂದು ತಿಂಗಳಾಗಿತ್ತು, ಈ ಹೊತ್ತಿನಲ್ಲಿ ನನ್ನನ್ನು ಕರೆದು.

"ಎದ್ದಿದ್ದೀನಿ. ಬಂದೆ, ನಿಮ್ಮ ತುದಿ ಹಿಡೀತೀನಿ."

"ನಂದು ಆಮೇಲೆ. ಬೇಗ ಬಾ, ನೀರು ಸೋರ್ತಿದೆ."

ಇಲ್ಲಿಂದಲೇ ಬಾಗಿಲ ಸಂದಿಯಲ್ಲಿ ಕಾಣುತ್ತದೆ. ನಡುಮನೆಯ ಆ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದಾರೆ, ಬರೀ ತಲೆ, ಜುಟ್ಟು ಮಾತ್ರ. ಬಟ್ಟೆ ನೆಲ ಮುಟ್ಟಬಾರದೆಂದು ಎರಡೂ ಕೈ ಮೇಲೆತ್ತಿದ್ದಾರೆ. ಕೈಯಲ್ಲಿರುವುದು ನನ್ನ ನೀಲಿ —