ಬಿಷಪ್‌ನ ಬಲಗೊಂಬು

ವೋಲಾ ಯಾವೊರೋವಾ
ಮಾರ್ಚ್ ೧೧, ೧೯೮೭, ಬುಧವಾರ

ಹಳ್ಳದಾಚೆಯ ಮಹಾ ಬೇಟೆಗಾರ, ಒಂದೇ ಗುಂಡಿನ ವೀರ, ಶ್ರೀಮಾನ್ ಹಿಪೊಲಿತ್ ಅವರಿಗೆ,

ಇಪ್ಪತ್ತಾರು ವರ್ಷ ತಮ್ಮ ಹೆಂಡತಿಯಾಗಿದ್ದ ಲೆಯೊಕಾದಿಯಾಳ ನಮಸ್ಕಾರ. ಕ್ಷೇಮ ವಿಚಾರಿಸುವುದಿಲ್ಲ. ಹೋದ ಶನಿವಾರ ತಮ್ಮ ಸಂಘದ ಔತಣದಲ್ಲಿ ತಾವು ಮಾಂಸ, ಎಲೆಕೋಸು ಬೇಯಿಸಿದ ಬಿಗೊಸ್ ಮೂರು ತಟ್ಟೆ ಮುಗಿಸಿ, ಬೆಂಚಿನ ಮೇಲೆ ಹತ್ತಿ ನಿಂತು ಕಹಳೆ ಊದಿದಿರಂತೆ. ಅಂಥವರ ಆರೋಗ್ಯದ ಬಗ್ಗೆ ನನಗೇಕೆ ಆತಂಕ?

ಈ ಕಾಗದವನ್ನು ಒತ್ತಿ ಒತ್ತಿ ಬರೆಯುತ್ತಿದ್ದೇನೆ. ಕೋಪದಿಂದಲೇ ಎಂದು ತಿಳಿಯಬೇಡಿ. ಕೋಪವೂ ಇದೆ, ಆದರೆ ಕೆಳಗೆ ಕಾರ್ಬನ್ ಹಾಳೆಯೂ ಇದೆ. ಒಂದು ಪ್ರತಿ ತಮಗೆ, ಇನ್ನೊಂದು ನಮ್ಮ ಬೇಟೆ ಸಂಘದ ಅಧ್ಯಕ್ಷರಾದ ತೆಯೋಫಿಲ್ ಅವರಿಗೆ. ಬರುವ ಭಾನುವಾರ ಬೆಳಿಗ್ಗೆ ಹತ್ತಕ್ಕೆ, ಅಗ್ನಿಶಾಮಕ ದಳದ ಸಭಾಂಗಣದಲ್ಲಿ, ಹನ್ನೊಂದು ಗಂಡಸರು ಸಾಲಾಗಿ ಕೂತು ನನ್ನನ್ನು ಸಂಘದಿಂದ ಹೊರಹಾಕಬೇಕೋ ಬೇಡವೋ ಎಂದು ಕೈಯೆತ್ತಲಿದ್ದಾರೆ. ನನ್ನ ಮೇಲಿನ ಆರೋಪ, ಸಾರಂಗವನ್ನು ಗಾಯಗೊಳಿಸಿ ಕಾಡಿನಲ್ಲಿ ನರಳಲು ಬಿಟ್ಟೆ ಎಂಬುದು. ಬೇಟೆಗಾರರಿಗೆ ಇದಕ್ಕಿಂತ ಹೀನ ಹೆಸರಿಲ್ಲ. ಆ ಸಾರಂಗ ಎಲ್ಲಿ ಬಿತ್ತು, ಯಾರ ಗುಂಡಿಗೆ ಬಿತ್ತು ಎಂಬುದು ತಮಗೆ ಗೊತ್ತು. ಗೊತ್ತಿದ್ದೂ ತಾವು ಬಿಗೊಸ್ ತಿಂದಿರಿ!

ಆ ಸಭಾಂಗಣ ತಮಗೇನು ಹೊಸದೇ? ಹನ್ನೆರಡು ವರ್ಷ ಅಲ್ಲಿನ ವೇದಿಕೆಯ ಮೇಲೆ ಊರ ನಾಟಕದಲ್ಲಿ ತಾವು ರಾಜನ ಪಾತ್ರ ಮಾಡಿದಿರಿ. ಹನ್ನೆರಡು ವರ್ಷವೂ ಪ್ರತಿ ಅಂಕದಲ್ಲೂ ಮಾತು ಮರೆತಿರಿ. ಪರದೆಯ ಹಿಂದೆ ಮಂಡಿಯೂರಿ ಕೂತು ನಾನು ಪಿಸುಗುಟ್ಟಿದೆ, ಚಪ್ಪಾಳೆ ತಮಗೆ ಬಿತ್ತು. ಮಂಡಿನೋವು ನನಗೆ ಉಳಿಯಿತು.

ಇರಲಿ. ವಿಷಯಕ್ಕೆ ಬರುತ್ತೇನೆ. ತೆಯೋಫಿಲ್ ಅವರಿಗೂ ಮೊದಲಿನಿಂದ ತಿಳಿಯಲಿ.

ಹಳ್ಳದ ಎರಡೂ ದಡದವರು ಬಿಷಪ್ ಎಂದು ಕರೆಯುತ್ತಿದ್ದ ಸಾರಂಗವನ್ನು ನಾವಿಬ್ಬರೂ ಒಂಬತ್ತು ಚಳಿಗಾಲ ಕಂಡವರು. ಅವನ ಕೊಂಬಿನ ತುದಿಗಳು ಬಿಷಪ್ಪರ ಎತ್ತರದ ಟೋಪಿಯಂತೆ ಕೂಡಿಕೊಂಡಿದ್ದವು. ಹೆಸರಿಟ್ಟವಳು ನಾನು. ಪ್ರತಿ ವರ್ಷ ಹಿಮ ಕರಗುವ ಮುಂಚೆ ಅವನು ಬಲಗೊಂಬನ್ನು ಓಲ್ಶಾಂಕಾ ಹಳ್ಳದ ಈಚೆ ಉದುರಿಸುತ್ತಿದ್ದ, ಎಡಗೊಂಬನ್ನು ಆಚೆ. ನಾವು ಜೊತೆಗಿದ್ದ ಕಾಲದಲ್ಲಿ ಎರಡನ್ನೂ ಹುಡುಕಿ ತಂದು ಒಲೆಯ ಮೇಲಿನ ಗೋಡೆಗೆ ಜೋಡಿಸಿದೆವು, ಒಟ್ಟು ಐದು ಜೊತೆ. ನಾಲ್ಕು ವರ್ಷದ ಹಿಂದೆ ಬೇರೆಯಾದಾಗ ಹಸು, ರೇಡಿಯೋ, ಹೊಲಿಗೆ ಯಂತ್ರವನ್ನೆಲ್ಲ ನ್ಯಾಯಾಲಯ ಹಂಚಿತು. ಕೊಂಬುಗಳನ್ನು ಮಾತ್ರ ನಾವೇ ಹಂಚಿಕೊಂಡೆವು. ಎಡದವೆಲ್ಲ ತಮಗೆ, ಬಲದವೆಲ್ಲ ನನಗೆ. ಇಬ್ಬರಿಗೂ ಉಪಯೋಗಕ್ಕೆ ಬರಬಾರದು ಎಂಬ ಒಂದೇ ವಿಷಯದಲ್ಲಿ ಅಂದು ನಮಗೆ ಒಮ್ಮತವಿತ್ತು. ತಾವು ಹಳ್ಳದಾಚೆಯ ಸಂಘಕ್ಕೆ ಹೋದಿರಿ. ನಾನು ಅಪ್ಪ ಬೇಟೆಯಾಡಿದ ಈಚೆಯ ದಡದಲ್ಲೇ ಉಳಿದೆ.

ಈ ಚಳಿಗಾಲ ಬಿಷಪ್ ಮುದುಕನಾಗಿದ್ದ. ಪಕ್ಕೆಲುಬು ಎಣಿಸಬಹುದಿತ್ತು. ತೊಗಟೆ ಕಡಿಯಲು ಹಲ್ಲಿರಲಿಲ್ಲ. ನಾನಿಟ್ಟ ಬೀಟ್ರೂಟನ್ನು ಬಾಯಿಗೆ ಹಾಕಿಕೊಂಡು ಹಾಗೇ ಉಗುಳುತ್ತಿದ್ದ. ಇವನು ವಸಂತ ಕಾಣುವುದಿಲ್ಲವೆಂದು ಎರಡೂ ಸಂಘಗಳು ಅವನನ್ನು ಹೊಡೆಯಲು ಚೀಟಿ ಕೊಟ್ಟವು. ಅಲ್ಲಿ ತಮಗೆ, ಇಲ್ಲಿ ನನಗೆ.

ಫೆಬ್ರವರಿ ಇಪ್ಪತ್ತೆಂಟು, ಶನಿವಾರ. ಸಾರಂಗ ಹೊಡೆಯಲು ಕಾನೂನು ಬಿಟ್ಟ ಕೊನೆಯ ದಿನ. ಮಧ್ಯಾಹ್ನ ಮೂರೂಕಾಲಿಗೆ ಅವನು ಫರ್ ಮರಗಳ ನಡುವಿನಿಂದ ಹಳ್ಳದ ಹುಲ್ಲುಗಾವಲಿಗೆ ಬಂದ. ಎಂಬತ್ತು ಹೆಜ್ಜೆ. ಪಕ್ಕಕ್ಕೆ ತಿರುಗಿ, ಕತ್ತೆತ್ತಿ, ರಂಗದ ನಡುವೆ ಬಂದು ನಿಂತ ನಟನ ಹಾಗೆ ನಿಂತ. ಹೊಡೆದೆ. ಮುಂಗಾಲೆತ್ತಿ ಎದೆಯೆತ್ತರ ಚಿಮ್ಮಿದ. ಗುಂಡು ಎಲ್ಲಿ ತಗಲಿದರೆ ಹಾಗೆ ಚಿಮ್ಮುತ್ತದೆ ಎಂದು ನನಗೆ ಕಲಿಸಿದವರೇ ತಾವು! ತಲೆ ತಗ್ಗಿಸಿ ಓಡಿ ಹಳ್ಳ ಹಾರಿದ. ಹಾರಿದ ಕುಲುಕಿಗೆ ಬಲಗೊಂಬು ಕಳಚಿ ಹಿಮದಲ್ಲಿ ಚುಚ್ಚಿಕೊಂಡಿತು. ಹೇಗೂ ಉದುರುವ ಕಾಲ, ಬುಡ ಸಡಿಲವಾಗಿತ್ತು. ಹಿಮದ ಮೇಲೆ ತಿಳಿಗೆಂಪು ನೊರೆ ಹಳ್ಳದವರೆಗೂ ಇತ್ತು. ಅದು ಶ್ವಾಸಕೋಶದ ನೊರೆ. ಅಂಥ ಏಟು ತಿಂದ ಸಾರಂಗ ಇನ್ನೂರು ಹೆಜ್ಜೆ ದಾಟುವುದಿಲ್ಲ.

ಹಳ್ಳದಾಚೆ ನನ್ನ ನೆಲವಲ್ಲ. ನಿಯಮದ ಪ್ರಕಾರ ನಾನು ದಾಟಲಿಲ್ಲ. ಕೊಂಬನ್ನು ಹೆಗಲ ಮೇಲಿಟ್ಟುಕೊಂಡು ತೆಯೋಫಿಲ್ ಅವರ ಮನೆಗೆ ನಡೆದೆ. ದಾರಿಯಲ್ಲಿರುವಾಗ, ನಾಲ್ಕು ಗಂಟೆಗೆ ಸ್ವಲ್ಪ ಮುಂಚೆ, ಹಿಂದಿನಿಂದ ಇನ್ನೊಂದು ಗುಂಡಿನ ಸದ್ದು ಕೇಳಿತು. ಸಂಜೆ ಹಿಮ ಬಿತ್ತು. ಮರುದಿನ ಎರಡೂ ಸಂಘದವರು ಹಳ್ಳದಾಚೆ ಹುಡುಕಿದರು. ಬಿಳಿಯ ಹಿಮ ಬಿಟ್ಟರೆ ಏನೂ ಇರಲಿಲ್ಲ.

ಏನೂ ಇರಲಿಲ್ಲ! ಯಾಕೆಂದರೆ ತಾವು ಅವನನ್ನು ಆಗಲೇ ಜಾರುಬಂಡಿಯಲ್ಲಿ ಎಳೆದೊಯ್ದಿದ್ದಿರಿ. ತಮ್ಮ ಸಂಘದ ಪುಸ್ತಕದಲ್ಲಿ ಏನೆಂದು ಬರೆಸಿದಿರಿ? 'ಬೋಳುಗುಡ್ಡದ ಹತ್ತಿರ ಮುದಿ ಸಾರಂಗ, ಒಂದೇ ಗುಂಡು. ಬಲಗೊಂಬು ಮೊದಲೇ ಉದುರಿತ್ತು.' ಹಾಗಾದರೆ ನಾನು ಹೊಡೆದದ್ದು ಬೇರಾವುದೋ ಸಾರಂಗ, ಅದು ಕಾಡಿನಲ್ಲೆಲ್ಲೋ ನರಳುತ್ತಿದೆ ಎಂದು ನಮ್ಮವರು ತೀರ್ಮಾನಿಸಿದರು.

ಔತಣದ ವರದಿಯನ್ನು ನನಗೆ ತಂದವನು ನಮ್ಮ ಸಂಘದ ಅಂಜೆಲ್ಮ್. ಎರಡೂ ದಡದಲ್ಲಿ ಉಣ್ಣುವ ಅವನ ಹೊಟ್ಟೆ ತಮಗೆ ಗೊತ್ತೇ ಇದೆ. ಸೋಮವಾರ ಅಂಗಡಿಯ ಮುಂದೆ ನಿಂತು, ನಾಲ್ಕು ಜನ ಕೇಳುವ ಹಾಗೆ ಕೂಗಿದ:

"ಲೋದ್ಜ್ಯಾ ಅಕ್ಕಾ, ಹಿಪೊಲಿತಣ್ಣ ಏನಂದ್ರು ಗೊತ್ತಾ? ಚಳಿಗಾಲ ಮುಗಿಯೋವಾಗ ಕೊಂಬು ತಾನೇ ಉದುರತ್ತೆ ಕಣ್ರೋ, ನನ್ ಹಳೇ ಹೆಂಡ್ತಿ ಬಿದ್ದಿದ್ದನ್ನ ಹೆಕ್ಕೊಂಡು ಹೊಡ್ದೆ ಹೊಡ್ದೆ ಅಂತ ಕುಣೀತಾ ಇದ್ದಾಳೆ, ಅಂದ್ರು!"

"ನೀನೇನಂದೆ?" ಎಂದು ಕೇಳಿದೆ.

"ನಾನಾ? ನನ್ ಬಾಯಲ್ಲಿ ಮಾಂಸ ಇತ್ತು. ಏನನ್ಲಿ? ಆದ್ರೆ ಅಕ್ಕ, ಈ ಸಲ ಕೊಂಬು ತಂದ್ರಿ, ಮುಂದಿನ್ ಸಲ ಬಾಲನಾದ್ರೂ ತನ್ನಿ. ಹಿಂಗೇ ತುಂಡುತುಂಡಾಗಿ ತಂದ್ರೆ ಹತ್ತು ವರ್ಷಕ್ಕೆ ಒಂದು ಸಾರಂಗ ಆಗತ್ತೆ!"

ನಾಲ್ವರೂ ನಕ್ಕರು. ನಾನು ಬ್ರೆಡ್ಡು ತೆಗೆದುಕೊಂಡು ತಿರುಗಿದೆ. ಆಗ ಅವನು ತನಗರಿವಿಲ್ಲದೆ ಒಂದು ಮಾತು ಉದುರಿಸಿದ: "ಅದ್ಸರಿ, ಹಿಪೊಲಿತಣ್ಣ ಯಾವಾಗಿಂದ ಟೊಪ್ಪಿಗೇಗೆ ಓಲ್ಖಾ ಟೊಂಗೆ ಸಿಕ್ಕಿಸ್ಕೊಳೋಕೆ ಶುರು ಮಾಡಿದ್ರು?"

ತೆಯೋಫಿಲ್ ಅವರೇ, ಈ ಸಾಲಿನ ಕೆಳಗೆ ಗೆರೆ ಎಳೆದುಕೊಳ್ಳಿ! ಟೊಂಗೆಯೊಂದನ್ನು ಮುರಿದು ಅರ್ಧವನ್ನು ಬಿದ್ದ ಪ್ರಾಣಿಯ ಬಾಯಿಗೆ ಕೊನೆಯ ತುತ್ತಾಗಿ ಇಡುತ್ತೇವೆ, ಉಳಿದರ್ಧ ಹೊಡೆದವರ ಟೊಪ್ಪಿಗೆಗೆ. ಇಪ್ಪತ್ತಾರು ವರ್ಷದಲ್ಲಿ ಈ ಮನುಷ್ಯ ಫರ್ ಬಿಟ್ಟು ಬೇರೆ ಟೊಂಗೆ ಮುಟ್ಟಿದ್ದನ್ನು ನಾನು ಕಂಡಿಲ್ಲ. ಹಳ್ಳದಂಚಿನ ಓಲ್ಖಾ ಮುರಿಯುವುದು ನನ್ನ ಪದ್ಧತಿ, ನನ್ನಪ್ಪನದು. "ಲೋದ್ಜ್ಯಾ, ಅದು ಹಂದಿಗೂಡಿಗೆ ಬಳಸೋ ಮರ ಕಣೇ!" ಎಂದು ಇವರು ನಗುತ್ತಿದ್ದರು. ಬೋಳುಗುಡ್ಡದಲ್ಲಿ ಓಲ್ಖಾ ಬೆಳೆಯುವುದಿಲ್ಲ. ಅದಕ್ಕೆ ನೀರು ಬೇಕು, ಹಳ್ಳ ಬೇಕು. ಹಾಗಾದರೆ ಆ ಟೊಂಗೆ ಯಾವ ಕಾಲಿನಿಂದ ನಡೆದು ಇವರ ಟೊಪ್ಪಿಗೆ ಏರಿತು?

ಥೂ, ಈ 'ತಾವು', 'ಇವರು', 'ಶ್ರೀಮಾನ್ ಹಿಪೊಲಿತ್' ನನ್ನ ಕೈಗೆ ಒಗ್ಗುತ್ತಿಲ್ಲ. ಕೇಳು, ಪೋಲೆಕ್!

ನಿನ್ನ ಕಣ್ಣು ಮಂಜಾಗಿರುವುದು ನನಗೆ ಗೊತ್ತು. ಹೋದ ಶರತ್ಕಾಲದಲ್ಲಿ ಕಪಾಟಿನಷ್ಟು ದೊಡ್ಡ ಕಾಡುಹಂದಿ ಎದುರು ಬಂದರೂ ನೀನು ಬರ್ಚ್ ಮರಕ್ಕೆ ಹೊಡೆದೆ. ನಿಮ್ಮವರು ನಿನಗೆ ಗುರಿ ತಪ್ಪಿದವರ ರಾಜ ಎಂದು ಕಾಗದದ ಕಿರೀಟ ತೊಡಿಸಿದರು. ಆ ಕಿರೀಟ ಕಳಚಲು ನಿನಗೊಂದು ಸಾರಂಗ ಬೇಕಾಗಿತ್ತು. ತೆಗೆದುಕೋ, ಬೇಡವೆಂದೆನೇ? ಮಾಂಸ ತಿನ್ನು, ಚರ್ಮ ಹಾಸಿಕೊಂಡು ಮಲಗು. ಆದರೆ ನಿನ್ನ ತಲೆಯಿಂದ ಇಳಿದ ಕಿರೀಟವನ್ನು ನನ್ನ ತಲೆಗೇ ಇಡಬೇಕೇ? ಸಂಘದಿಂದ ತೆಗೆದರೆ ಬಂದೂಕು ಹೋಗುತ್ತದೆ, ಬಂದೂಕು ಹೋದರೆ ಕಾಡು ಹೋಗುತ್ತದೆ. ಐವತ್ತೊಂಬತ್ತನೆಯ ವಯಸ್ಸಿನಲ್ಲಿ ನನಗೆ ಉಳಿಯುವುದು ಅಡುಗೆಮನೆಯ ಕಿಟಕಿ. ಮಕ್ಕಳಿಲ್ಲದ ಮನೆಯ ಕಿಟಕಿ ಹೇಗಿರುತ್ತದೆಂದು ನೀನು ಬಲ್ಲೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟು: ಭಾನುವಾರ ಹತ್ತಕ್ಕೆ ಬಾ. ಎಡಗೊಂಬಿರುವ ತಲೆಬುರುಡೆಯನ್ನು ತಾ. ಕೊಟ್ಟಿಗೆಯಲ್ಲಿ ಒಣಹಾಕಿರುವ ಚರ್ಮವನ್ನೂ ತಾ. ಒಂದೇ ಗುಂಡು ಎಂದೆಯಲ್ಲ, ಚರ್ಮದಲ್ಲಿ ಗುಂಡು ಹೊಕ್ಕ ತೂತು ಎಷ್ಟಿವೆ ಎಂದು ಸಭೆ ನೋಡಲಿ. ನಾನು ಬಲಗೊಂಬನ್ನು ತರುತ್ತೇನೆ. ಬುರುಡೆಯ ಮೇಲಿಟ್ಟು ನೋಡೋಣ, ಕೂರುತ್ತದೋ ಇಲ್ಲವೋ. ತಾನಾಗಿ ಉದುರಿತ್ತು ಎಂದು ನೀನು ಹಠ ಹಿಡಿದರೆ, ಚರ್ಮದ ಎರಡನೆಯ ತೂತು ತಾನಾಗಿ ಬಿದ್ದದ್ದೇ ಎಂದು ಕೇಳುತ್ತೇನೆ.

ಬಾರದಿದ್ದರೆ ಹಳ್ಳದ ಎರಡೂ ದಡದಲ್ಲಿ ನಿನ್ನ ಹೆಸರು ಏನಾಗುತ್ತದೆಂದು ನಾನು ಬರೆಯಬೇಕಿಲ್ಲ. ನನ್ನ ಗಂಟಲು ಎಷ್ಟು ದೂರ ಕೇಳಿಸುತ್ತದೆಂದು ನಿನಗೆ ಗೊತ್ತು.

ಇಂತಿ,
ಒಂದು ಕಾಲದಲ್ಲಿ ನಿನ್ನವಳು, ಎಂದೂ ಗುರಿ ತಪ್ಪದವಳು,
ಲೆಯೊಕಾದಿಯಾ

ಮರೆತ ಮಾತು: ಈಗ ಕಾರ್ಬನ್ ಹಾಳೆ ತೆಗೆದೆ. ಇಲ್ಲಿಂದ ಮುಂದಿನದು ತೆಯೋಫಿಲ್‌ಗೆ ಹೋಗುವುದಿಲ್ಲ.

ನಾನು ಹಳ್ಳ ದಾಟಿದ್ದೆ, ಪೋಲೆಕ್. ಬಂದೂಕನ್ನು ಈಚೆ ದಡದ ಮರಕ್ಕೆ ನೇತುಹಾಕಿ, ಬರಿಗೈಯಲ್ಲಿ ದಾಟಿದೆ. ಬಿಷಪ್ ನೂರಿಪ್ಪತ್ತು ಹೆಜ್ಜೆಯಾಚೆ ಸತ್ತು ಮಲಗಿದ್ದ. ಟೊಂಗೆ ಮುರಿದು ಅರ್ಧವನ್ನು ಅವನ ಬಾಯಿಗಿಟ್ಟೆ, ಅರ್ಧವನ್ನು ಜೇಬಿಗೆ ಹಾಕಿಕೊಂಡೆ. ಅಷ್ಟರಲ್ಲಿ ನಿನ್ನ ಕೆಮ್ಮು ಕೇಳಿತು. ಅನುಮತಿಯಿಲ್ಲದ ನೆಲ, ನಾಚಿಕೆಯಾಯಿತು, ಫರ್ ಮರದ ಹಿಂದೆ ಸರಿದೆ. ಮಲಗಿದ್ದ ಸಾರಂಗಕ್ಕೆ ನೀನು ನಲವತ್ತು ಹೆಜ್ಜೆಯಿಂದ ಗುರಿಯಿಟ್ಟೆ. ಹತ್ತಿರ ಹೋಗುವವರೆಗೂ ಅದು ಸತ್ತಿದೆಯೆಂದು ನಿನಗೆ ಕಾಣಲಿಲ್ಲ. ಇದನ್ನು ಅಂಜೆಲ್ಮ್‌ಗೆ ಹೇಳಿದ್ದರೆ ಈಸ್ಟರ್ ತನಕ ಊರು ನಗುತ್ತಿತ್ತು. ಹೇಳಲಿಲ್ಲ.

ಆಮೇಲೆ ನೀನು ಅವನ ಬಾಯಲ್ಲಿದ್ದ ಟೊಂಗೆ ನೋಡಿದೆ. ಟೊಪ್ಪಿಗೆ ತೆಗೆದೆ. ಹಿಮದಲ್ಲಿ ಮಂಡಿಯೂರಿ, ನನ್ನ ಗುಂಡು ಹೊಕ್ಕ ತೂತಿಗೆ ಬೆರಳಿಟ್ಟೆ. ಅದಕ್ಕೆ, ಆ ಸತ್ತ ಪ್ರಾಣಿಗೆ, ನೀನು ಹೇಳಿದೆ: "ನೋಡ್ದೇನಪ್ಪಾ ಬಿಷಪ್ಪಾ? ಭುಜದ ಹಿಂದೆ, ಒಂದೇ ಬೆರಳಗಲ. ನಮ್ ಲೋದ್ಜ್ಯಾ. ಇಂಥಾ ಕೈ ಈ ಕಾಡಲ್ಲಿ ಇನ್ನೊಂದಿಲ್ಲ ಕಣೋ."

ಇಪ್ಪತ್ತಾರು ವರ್ಷ ಒಂದೇ ಮೇಜಿನಲ್ಲಿ ಉಂಡೆವು. ಇಂಥ ಒಂದು ಮಾತು ನನ್ನ ಕಿವಿಗೆ ಬಿದ್ದಿರಲಿಲ್ಲ. ಆಗಲೇ ಹೊರಗೆ ಬಂದು "ಅದು ನನ್ನದು" ಎಂದಿದ್ದರೆ ಮುಗಿಯುತ್ತಿತ್ತು. ಬರಲಿಲ್ಲ. ಇನ್ನೊಂದು ಮಾತು ಆಡುತ್ತೀಯೇನೋ ಎಂದು ಆಸೆಬುರುಕಿಯಂತೆ ಉಸಿರು ಬಿಗಿಹಿಡಿದು ಕಾದೆ. ನಾನು ಕಾಯುತ್ತಿರುವಾಗಲೇ ನೀನು ಅವನ ಬಾಯಿಂದ ಟೊಂಗೆ ಕಿತ್ತು, ಒರೆಸಿ, ನಿನ್ನ ಟೊಪ್ಪಿಗೆಗೆ ಸಿಕ್ಕಿಸಿಕೊಂಡೆ. ಆಮೇಲೂ ಹತ್ತು ದಿನ ಕಾದೆ, ನೀನಾಗಿ ತಂದುಕೊಡುವೆಯೆಂದು.

ನನ್ನ ಅರ್ಧ ಟೊಂಗೆ ಇಲ್ಲೇ, ಉಪ್ಪಿನ ಡಬ್ಬಿಯ ಹಿಂದಿದೆ. ಕಳಿಸುವುದಿಲ್ಲ. ನಿನ್ನನ್ನು ನಾನು ಬಲ್ಲೆ. ಭಾನುವಾರ ನೀನಾಗಿ ಬಾಯಿ ಬಿಟ್ಟರೆ ಅದು ಅಲ್ಲೇ ಒಣಗಲಿ. ಬಿಡದಿದ್ದರೆ ನಿನ್ನ ಟೊಪ್ಪಿಗೆಯ ಅರ್ಧದ ಪಕ್ಕಕ್ಕಿಟ್ಟು, ಸತ್ತವನನ್ನು ನೀನು ಮತ್ತೆ ಕೊಂದ ಕಥೆಯನ್ನು ಹನ್ನೊಂದು ಜನರ ಮುಂದೆ ಹೇಳುತ್ತೇನೆ, ಹಳ್ಳ ದಾಟಿದ ತಪ್ಪಿಗೆ ನನ್ನ ಹೆಸರು ಹೋದರೂ ಸರಿಯೇ.

ನಿನ್ನ ಮಾತು ಮೇಲೆ ಬರೆದಿದ್ದೇನೆ, ಒಂದಕ್ಷರ ಬದಲಿಸಿಲ್ಲ. ಹನ್ನೆರಡು ವರ್ಷದ ನಾಟಕದಲ್ಲಿ ನಾನು ಪಿಸುಗುಟ್ಟದೆ ನೀನು ಸರಿಯಾಗಿ ಆಡಿದ ಮಾತು ಅದೊಂದೇ. ಬಾಯಿಪಾಠ ಮಾಡಿಕೊಂಡು ಬಾ. ಟೊಪ್ಪಿಗೆ ಕೈಯಲ್ಲಿ ಹಿಡಿದು ಹೇಳು. ಮರೆತರೆ ನನ್ನ ಕಡೆ ನೋಡಬೇಡ. ಈ ಸಲ ನಾನು ಪರದೆಯ ಹಿಂದಿರುವುದಿಲ್ಲ, ಮೊದಲ ಸಾಲಿನಲ್ಲಿ ಕೂತಿರುತ್ತೇನೆ.

ಲೋದ್ಜ್ಯಾ