ಕುದುರೆಯ ಮೇಲೆ ಮಿಸ್ಟರ್ ಬ್ರೌನ್

ಅಟ್-ಬಾಶಿ
ಆಗಸ್ಟ್ ೨೬, ಭಾನುವಾರ

ಪ್ರೀತಿಯ ಅಮ್ಮನಿಗೆ,

ನಿನ್ನ ಮಗಳು ಜಿಪಾರ್ ತಲೆಬಾಗಿ ಬರೆಯುತ್ತಿದ್ದೇನೆ. ಇಲ್ಲಿ ಎಲ್ಲರೂ ಆರೋಗ್ಯ. ನಿನ್ನ ಮಂಡಿನೋವು ಕಡಿಮೆಯಾಗಿದೆ ಎಂದುಕೊಂಡಿದ್ದೇನೆ. ಮೊನ್ನೆ ಫೋನಿನಲ್ಲಿ ನಿನ್ನ ದನಿ ಅಷ್ಟು ಗಟ್ಟಿಯಾಗಿತ್ತು.

ಅಷ್ಟನ್ನೂ ಒಂದೇ ಉಸಿರಿಗೆ ಬೈದು ನೀನು ಫೋನ್ ಇಟ್ಟುಬಿಟ್ಟೆ. ನನಗೆ ಬಾಯಿ ತೆರೆಯಲು ಜಾಗವೇ ಸಿಗಲಿಲ್ಲ. ಸಿಕ್ಕಿದ್ದರೂ ಏನೂ ಹೇಳುವಂತಿರಲಿಲ್ಲ, ಅತ್ತೆ ಪಕ್ಕದಲ್ಲೇ ಕುಳಿತು ಹಿಟ್ಟು ನಾದುತ್ತಿದ್ದರು. ಅದಕ್ಕೇ ಈ ಕಾಗದ. ಲಾರಿಯ ಎಸೆನ್ ಮಾಮ ನಾಳೆ ನಿಮ್ಮ ತಲಾಸ್ ಕಡೆ ಹೊರಟಿದ್ದಾರೆ, ಅವರ ಕೈಯಲ್ಲಿ ಕಳಿಸುತ್ತೇನೆ.

"ಮಾವನ ಎದುರು ಕೂತು ಹಲ್ಲು ಕಿರಿದು ಮಾತಾಡ್ತೀಯಂತೆ, ಅದೂ ಯಾರಿಗೂ ಅರ್ಥ ಆಗದ ಭಾಷೇಲಿ! ಹೀಗೇನಾ ನಿನ್ನ ಬೆಳೆಸಿದ್ದು? ನಾನೇ ಬಂದು ಅವರ ಮುಂದೆ ತಲೆ ತಗ್ಗಿಸಬೇಕಾ?" ಎಂದು ಕೇಳಿದೆ. ಮಾತಾಡಿದ್ದು ನಿಜ ಅಮ್ಮ. ನಕ್ಕಿದ್ದೂ ನಿಜ. ಆದರೆ ನಿನ್ನ ಕಿವಿಗೆ ಬಿದ್ದ ಬಣ್ಣದಲ್ಲಿ ಅಲ್ಲ. ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ, ಓದಿ ನೀನೇ ತೀರ್ಮಾನಿಸು.

ಇಲ್ಲಿನ ಊರ ಶಾಲೆಯಲ್ಲಿ ಇಂಗ್ಲಿಷ್ ಹೇಳಿಕೊಡುತ್ತಿದ್ದವರು ಕಳೆದ ಚಳಿಗಾಲದಲ್ಲಿ ಬಿಟ್ಟು ಹೋದರು. ಆಗಸ್ಟಿನಲ್ಲಿ ನಡೆಯುವ ಮೌಖಿಕ ಪರೀಕ್ಷೆ ಪಾಸಾದರೆ ಸೆಪ್ಟೆಂಬರಿನಿಂದ ಆ ಕೆಲಸ ನನಗೆ ಎಂದು ಮುಖ್ಯೋಪಾಧ್ಯಾಯರು ಹೇಳಿದ್ದರು. ನಿನಗೆ ಗೊತ್ತು, ಕಾಲೇಜಿನಲ್ಲಿ ಕಲಿತ ನನ್ನ ಇಂಗ್ಲಿಷು ಮದುವೆಯಾದ ಮೇಲೆ ಹಾಸಿಗೆ ಪೆಟ್ಟಿಗೆಯ ತಳ ಸೇರಿತ್ತು. ಅತ್ತೆ ಬೇಡ ಅನ್ನಲಿಲ್ಲ. "ಕುದುರೆ ಹಾಲು ಕರೆಯೋ ಕೆಲಸ ನಿಲ್ಲಬಾರದು, ಬಾಯಲ್ಲಿ ಏನು ಬೇಕಾದ್ರೂ ಅಂದ್ಕೋ" ಎಂದರು. ಹಾಗಾಗಿ ಬೇಸಗೆಗೆ ಮೇಲಿನ ಹುಲ್ಲುಗಾವಲಿಗೆ ಹೋಗುವಾಗ ಕಾಲೇಜಿನ ಹಳೆಯ ಪುಸ್ತಕವನ್ನು ಹಿಟ್ಟಿನ ಚೀಲದ ಜೊತೆ ಕಟ್ಟಿಕೊಂಡೆ.

ಅಲ್ಲಿ ಕಲಿಯುವುದು ಸುಲಭ, ಅಮ್ಮ. ಕೇಳುವವರು ಯಾರೂ ಇಲ್ಲ. ಬೆಳಗ್ಗೆ ಮಂಜು ಇಳಿದಾಗ ಕುದುರೆಗಳ ಕಾಲು ಕಾಣುತ್ತದೆ, ಬೆನ್ನು ಕಾಣುವುದಿಲ್ಲ. ಆ ಬಿಳುಪಿನಲ್ಲಿ ಒಂದು ಪದ ಬಿಟ್ಟರೆ ಅದು ಎಲ್ಲಿಗೋ ತೇಲಿಕೊಂಡು ಹೋಗಿ, ಸ್ವಲ್ಪ ಹೊತ್ತಾದ ಮೇಲೆ ಬೇರೆ ದನಿಯಲ್ಲಿ ಹಿಂದಿರುಗುತ್ತದೆ. ಒಂದು ಮಂಡಿಯೂರಿ ಹಾಲು ಕರೆಯುತ್ತ ಕ್ರಿಯಾಪದಗಳನ್ನು ಹೇಳಿಕೊಳ್ಳುತ್ತಿದ್ದೆ. ಕುದುರೆ ಮೇಯುತ್ತದೆ, ಮೇಯಿತು, ಮೇಯುವುದು. ಹಾಲಿನ ಸರಸರ ಸದ್ದಿಗೆ ಆ ಲಯ ಕೂಡುತ್ತಿತ್ತು. ಎಷ್ಟೋ ಸಲ ನಾನು ಎಲ್ಲಿದ್ದೇನೆ ಎಂಬುದೇ ಮರೆಯುತ್ತಿತ್ತು. ಭೂತಕಾಲದಲ್ಲಿ ಒಂದು ಕುದುರೆ, ಭವಿಷ್ಯದಲ್ಲಿ ಇನ್ನೊಂದು, ನಡುವೆ ಬಿಂದಿಗೆ ಹಿಡಿದ ನಾನು.

ಮರಿ ಹತ್ತಿರವಿಲ್ಲದಿದ್ದರೆ ಕುದುರೆ ಹಾಲು ಇಳಿಸುವುದಿಲ್ಲವಲ್ಲ. ಮರಿಯನ್ನು ತಾಯಿಯ ಮುಂದೆ ಹಿಡಿದು ನಿಲ್ಲುವುದು ಮಾವನ ಕೆಲಸ. ಅವರು ಆ ಕಡೆ, ನಾನು ಈ ಕಡೆ, ನಡುವೆ ಕುದುರೆಯ ಹೊಟ್ಟೆ. ಮದುವೆಯಾದಂದಿನಿಂದ ನಮ್ಮಿಬ್ಬರ ನಡುವೆ ಇದ್ದ ಮಾತು ಇಷ್ಟೇ: ಅವರು ಕೆಮ್ಮುತ್ತಾರೆ, ನಾನು ತಲೆ ತಗ್ಗಿಸಿ ಚಹಾ ಇಡುತ್ತೇನೆ. ನೀನು ಕಲಿಸಿದ್ದನ್ನು ಒಂದೂ ಮೀರಿಲ್ಲ. ಬೆನ್ನು ತೋರಿಸಿಲ್ಲ, ದನಿ ಏರಿಸಿಲ್ಲ, ಅವರ ಹೆಸರು ಬಾಯಲ್ಲಿ ತಂದಿಲ್ಲ. ಜಾಮ್ಗಿರ್‌ಬೆಕ್ ಎಂದು ಇಲ್ಲಿ ಬರೆಯುತ್ತಿರುವುದೂ ಕಟ್ಟು ನಾಲಿಗೆಗೆ ಮಾತ್ರ, ಕೈಗಲ್ಲ ಎಂದು ನನಗೆ ನಾನೇ ಹೇಳಿಕೊಂಡ ಮೇಲೆ. ಜಾಮ್ಗಿರ್ ಎಂದರೆ ಮಳೆಯಲ್ಲವೇ, ಅದಕ್ಕೇ ಈ ಮನೆಯಲ್ಲಿ ನಾನು 'ಮಳೆ' ಎಂಬ ಪದವನ್ನೂ ಆಡಿಲ್ಲ. ಮೋಡ ಕವಿದರೆ "ಮೇಲಿಂದ ಬರೋದು ಬರ್ತಾ ಇದೆ, ಬಟ್ಟೆ ತೆಗೀರಿ" ಎನ್ನುತ್ತೇನೆ. ಎರ್ಮೆಕ್ ಗಣಿಯ ಪಾಳಿ ಮುಗಿಸಿ ಮನೆಗೆ ಬಂದಾಗಲೆಲ್ಲ "ಮೇಲಿಂದ ಏನು ಬಂತೇ, ಗಂಡನಾ?" ಎಂದು ರೇಗಿಸುತ್ತಾನೆ.

ಒಂದು ಬೆಳಗ್ಗೆ ಹನಿ ಬೀಳತೊಡಗಿತು. ನಾನು ಇಂಗ್ಲಿಷಿನಲ್ಲಿ ಮಳೆ ಬರುತ್ತದೆ, ಮಳೆ ಬಂತು, ಮಳೆ ಬರುವುದು ಎಂದು ಜೋರಾಗಿ ಹೇಳಿಕೊಳ್ಳುತ್ತಿದ್ದೆ. ಆ ಭಾಷೆಯಲ್ಲಿ ಆ ಪದ ಯಾರ ಹೆಸರೂ ಅಲ್ಲ. ಎಷ್ಟು ಸಲ ಹೇಳಿದರೂ ಯಾರಿಗೂ ಅಗೌರವವಿಲ್ಲ. ಅಮ್ಮ, ನಿನಗೆ ಹೇಗೆ ಹೇಳಲಿ, ಬಾಯೊಳಗೆ ನೀರು ಹರಿದ ಹಾಗಿತ್ತು. ಆಗ ಕುದುರೆಯ ಆಚೆಯಿಂದ ದನಿ ಬಂತು: "ಯೆಸ್. ಟುಡೇ."

ಬಿಂದಿಗೆ ಕೈ ತಪ್ಪಲಿಲ್ಲ, ಅದೇ ದೊಡ್ಡದು. ದಿನವೂ ಮರಿ ಹಿಡಿದು ನಿಂತು ಅವರು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಮರುದಿನ "ಗುಡ್ ಮಾರ್ನಿಂಗ್" ಎಂದರು, ಮರಿಯ ಕಿವಿಗೆ ಹೇಳುವಂತೆ. ನಾನೂ ಕುದುರೆಯ ಹೊಟ್ಟೆಗೆ ಉತ್ತರ ಹೇಳಿದೆ.

ಆಮೇಲೆ ಪುಸ್ತಕದ ಸಂಭಾಷಣೆಗಳನ್ನು ಹಿಡಿದೆವು. ಅದರಲ್ಲಿ ಲಂಡನ್ನಿನ ಡಾಕ್ಟರ್ ಮಿಸ್ಟರ್ ಬ್ರೌನ್ ಇದ್ದಾನೆ, ಅವನ ಮನೆಗೆ ಬರುವ ಮಿಸ್ ಗ್ರೀನ್ ಎಂಬ ಅತಿಥಿ ಇದ್ದಾಳೆ. ಅವರು ಬ್ರೌನ್, ನಾನು ಗ್ರೀನ್. ಮಾವನೊಂದಿಗೆ ಮಾತನಾಡಲು ಸೊಸೆಗೆ ಬಾಯಿಲ್ಲ. ಮಿಸ್ಟರ್ ಬ್ರೌನ್‌ಗೆ ಉತ್ತರ ಹೇಳಲು ಮಿಸ್ ಗ್ರೀನ್‌ಗೆ ಏನು ಅಡ್ಡಿ? "ಹೌ ಆರ್ ಯು ಟುಡೇ, ಮಿಸ್ ಗ್ರೀನ್? ಆರ್ ಯು ಟಯರ್ಡ್?" ಎಂದು ಅವರು ಕೇಳುವರು. ನಾನು, ಇಲ್ಲ, ಥ್ಯಾಂಕ್ಯೂ, ನಿಮ್ಮ ಊರಿನ ಉದ್ಯಾನ ಸುಂದರವಾಗಿದೆ ಎನ್ನುವೆ. ಅವರು ಸುತ್ತಲಿನ ಬೆಟ್ಟವನ್ನೆಲ್ಲ ಒಮ್ಮೆ ನೋಡಿ, ಯೆಸ್, ನಾನೇ ನೆಟ್ಟಿದ್ದು ಎನ್ನುವರು. ಪುಸ್ತಕದಲ್ಲಿ ಇಲ್ಲದ ಮಾತು ಅದು, ಕೈಸನ್ನೆ ಮಾಡಿ ನನ್ನಿಂದ ಪದ ಪಡೆದು ಸ್ವತಃ ಜೋಡಿಸಿದ್ದು. ನಾನು ನಕ್ಕಿದ್ದು ಆಗ. ಪುಸ್ತಕದ ಕೊನೆಯಲ್ಲಿ ಆ ಜನರ ಗಾದೆಗಳ ಪಟ್ಟಿ ಇತ್ತು. ಕುದುರೆಗೆ ಹೇಳುವಂತೆ ಅರ್ಥ ಬಿಡಿಸಿ ಹೇಳಿದೆ. ಮಾವ ತಲೆಯಾಡಿಸಿ, "ಇವನ್ನ ಕಟ್ಟಿದವರು ಕುದುರೆ ಸಾಕಿದವರಲ್ಲ" ಎಂದು ಆ ಹಾಳೆಗಳನ್ನು ಮುಚ್ಚಿಸಿದರು. ಬೇಸಗೆಯಿಡೀ ಅವರು ನಮ್ಮ ಭಾಷೆಯಲ್ಲಿ ನನಗೆ ಹೇಳಿದ ಮಾತು ಅದೊಂದೇ.

ಈ ಸಲ ಬೇಗ ಇಳಿದು ಊರಿಗೆ ಬಂದೆವು. ನನ್ನ ಪರೀಕ್ಷೆಯ ಸಲುವಾಗಿ ಎಂದು ಯಾರೂ ಹೇಳಲಿಲ್ಲ. ಹುಲ್ಲು ಮುಗಿಯಿತು ಎಂದರು ಮಾವ. ಹುಲ್ಲು ಇತ್ತು.

ಪರೀಕ್ಷೆಗೆ ಬಂದವರು ರಾಜಧಾನಿಯ ದಾಮಿರಾ ಅಕ್ಕ, ಗಿಡ್ಡ ಕೂದಲು, ಬಿಗಿ ಮುಖ. ವ್ಯಾಕರಣ ಕೇಳಿದರು, ಹೇಳಿದೆ. ಓದಿಸಿದರು, ಓದಿದೆ. ಕೊನೆಗೆ, ನಿನ್ನ ಮನೆಯವರನ್ನು ಪರಿಚಯಿಸು ಎಂದರು. ಗಂಡ ಗಣಿಯಲ್ಲಿ ಕೆಲಸ ಮಾಡುತ್ತಾನೆ ಎಂದೆ. ಮಾವನವರು ಕುದುರೆ ಸಾಕುತ್ತಾರೆ ಎಂದೆ. ಅವರ ಹೆಸರೇನು ಎಂದು ಕೇಳಿದರು.

ಇಂಗ್ಲಿಷಿನಲ್ಲೂ ಹೆಸರು ಹೆಸರೇ, ಬಾಯಲ್ಲಿ ತರುವಂತಿಲ್ಲ. ಮುಖ್ಯೋಪಾಧ್ಯಾಯರು ಕಣ್ಣಿನಲ್ಲೇ ಹೇಳು ಹೇಳು ಎನ್ನುತ್ತಿದ್ದರು. ಅಕ್ಕ ಎರಡನೆಯ ಸಲ ನಿಧಾನವಾಗಿ ಕೇಳಿದರು, ಪ್ರಶ್ನೆ ಅರ್ಥವಾಗದವಳಿಗೆ ಕೇಳುವ ಹಾಗೆ. ಕೆಲಸ ಕೈಬಿಡುತ್ತಿದೆ ಎಂದು ಗೊತ್ತಾಯಿತು. "ಮಿಸ್ಟರ್ ಬ್ರೌನ್" ಎಂದುಬಿಟ್ಟೆ.

"ಅಟ್-ಬಾಶಿಯಲ್ಲಿ ಬ್ರೌನಾ?" ಅಕ್ಕ ಲೇಖನಿ ಕೆಳಗಿಟ್ಟರು. "ಪುಸ್ತಕ ಬಾಯಿಪಾಠ ಮಾಡ್ಕೊಂಡು ಬಂದಿದೀಯಾ ಹೆಂಗೆ?"

ಮಾವ ಕಿಟಕಿಯ ಹೊರಗೇ ಇದ್ದರು. ನನ್ನನ್ನು ಕರೆತಂದು, ಕುದುರೆಯಿಂದ ಇಳಿಯದೆ ಕಾಯುತ್ತಿದ್ದರು. ಅಕ್ಕ ಎದ್ದು ಕಿಟಕಿ ತೆಗೆದು ಇಂಗ್ಲಿಷಿನಲ್ಲೇ, ನಿಮ್ಮ ಹೆಸರೇನು ಸರ್ ಎಂದು ಕೇಳಿದರು. ಮಾವ ಬಿಳಿ ಟೋಪಿ ಸರಿಮಾಡಿಕೊಂಡು, ಬೆನ್ನು ನೆಟ್ಟಗೆ ಮಾಡಿ, "ಮೈ ನೇಮ್ ಈಸ್ ಮಿಸ್ಟರ್ ಬ್ರೌನ್. ಐ ಆ್ಯಮ್ ಎ ಡಾಕ್ಟರ್. ಐ ಲಿವ್ ಇನ್ ಲಂಡನ್" ಎಂದರು. ಕುದುರೆ ಕೆನೆಯಿತು.

ದಾಮಿರಾ ಅಕ್ಕ ಕಿಟಕಿಯ ಚೌಕಟ್ಟಿಗೆ ಒರಗಿ ನಕ್ಕ ನಗು ಇಡೀ ಶಾಲೆಗೆ ಕೇಳಿಸಿತು. ಕಣ್ಣೊರೆಸಿಕೊಂಡು, "ನಮ್ಮಜ್ಜೀನೂ ಹೀಗೇನೇ, ಸಾಯೋವರೆಗೂ ಮಾವನ ಹೆಸರು ಹೇಳಲಿಲ್ಲ. ಹೋಗು ಮಗಳೇ, ಮಾವನಿಗೆ ಇಷ್ಟು ಕಲಿಸಿದವಳು ಮಕ್ಕಳಿಗೆ ಕಲಿಸ್ತೀಯ" ಎಂದರು. ಪಾಸಾದೆ.

ತೊಂದರೆ ಶುರುವಾದದ್ದು ಅಲ್ಲಿಂದ. ಸಂಜೆಯೊಳಗೆ ಊರೆಲ್ಲ ಮಾವನನ್ನು ಮಿಸ್ಟರ್ ಬ್ರೌನ್ ಎಂದು ಕರೆಯತೊಡಗಿತು. ಅವರು ಮೀಸೆಯೊಳಗೆ ನಕ್ಕು ಸುಮ್ಮನಾದರು. ಆದರೆ ಮರುದಿನ ಅತ್ತೆ ಅಂಗಡಿಗೆ ಹೋದಾಗ ಅಂಗಡಿಯ ಸಾಲ್ತಾನತ್, "ಬನ್ನಿ ಮಿಸೆಸ್ ಬ್ರೌನ್! ಅಲ್ಲ, ಮಿಸೆಸ್ ಬ್ರೌನ್ ನೀವೋ ನಿಮ್ಮ ಸೊಸೇನೋ? ಬೆಟ್ಟದ ಮೇಲೆ ಇಬ್ರೂ ಚೆನ್ನಾಗಿ ಮಾತಾಡ್ಕೋತಿದ್ರಂತೆ" ಎಂದಳಂತೆ. ನಿಂತವರೆಲ್ಲ ನಕ್ಕರು. ಅತ್ತೆ ತೂಗಿಸಿದ ಸಕ್ಕರೆಯನ್ನು ಅಲ್ಲೇ ಬಿಟ್ಟು ಬಂದರು.

ಮನೆಗೆ ಬಂದು ಹೇಳಿದ್ದು ಒಂದೇ ಮಾತು: "ಶಾಲೆಗೆ ಹೋಗೋದು ಬೇಡ." ಎರ್ಮೆಕ್‌ನನ್ನು ಫೋನಿನಲ್ಲಿ ಕೇಳಿದರೆ, ಅಮ್ಮ ಹೇಳಿದ ಹಾಗೆ ಎಂದ. ಮಾವ ಇಂಗ್ಲಿಷು ಬಿಟ್ಟರು. ಮರಿ ಹಿಡಿದು ಮುಖ ಆ ಕಡೆ ತಿರುಗಿಸಿ ನಿಲ್ಲುತ್ತಿದ್ದರು. ನಾನು ಹಾಲು ಕರೆಯುತ್ತಿದ್ದೆ, ಹಾಲಿನ ಸದ್ದಷ್ಟೇ. ಶಾಲೆಗೆ ಸೋಮವಾರದೊಳಗೆ ಉತ್ತರ ಹೇಳಬೇಕಿತ್ತು. ಅಷ್ಟರಲ್ಲಿ ನಿನ್ನ ಫೋನ್ ಬಂತು.

ನಿನ್ನೆ ಮಧ್ಯಾಹ್ನ ಅತ್ತೆಯೂ ನಾನೂ ಅಂಗಳದಲ್ಲಿ ಕೂತು ಗಟ್ಟಿಮೊಸರಿನ ಉಂಡೆ ಕಟ್ಟಿ ಜೊಂಡಿನ ಚಾಪೆಯ ಮೇಲೆ ಒಣಹಾಕುತ್ತಿದ್ದೆವು. ಬಿಸಿಲಿಗೆ ಬೆಟ್ಟಗಳು ನೀರಿನಲ್ಲಿ ಕಂಡ ಹಾಗೆ ಅಲುಗುತ್ತಿದ್ದವು. ಅತ್ತೆಯೇ ಮಾತು ಶುರುಮಾಡಿದರು.

"ನಿನ್ನ ತಾಯಿಗೆ ಫೋನ್ ಮಾಡಿದ್ದು ನಾನೇ."

"ಗೊತ್ತು ಅತ್ತೆ."

"ತಪ್ಪು ನಡೆದಿದೆ ಅಂತ ಮಾಡಿದ್ದಲ್ಲ. ನೀನು ಎಂಥವಳು ಅಂತ ನಂಗೊತ್ತಿಲ್ವಾ." ಉಂಡೆಯನ್ನು ಅಂಗೈಯಲ್ಲಿ ಹೊರಳಿಸುತ್ತಲೇ ಇದ್ದರು. "ಅಲ್ಲ, ಎರ್ಮೆಕ್‌ನ ಅಪ್ಪ ದಿನಾ ನಿನ್ನ ಏನು ಕೇಳ್ತಿದ್ದ?"

"ಹೇಗಿದೀಯ, ದಣಿವಾಗಿದ್ಯಾ ಅಂತ. ಪುಸ್ತಕದಲ್ಲಿ ಹಾಗಿದೆ, ಅದಕ್ಕೆ..."

"ದಣಿವಾಗಿದ್ಯಾ ಅಂತ." ಅತ್ತೆ ಉಂಡೆಯನ್ನು ಚಾಪೆಗೆ ಒತ್ತಿಟ್ಟರು, ಅದು ಚಪ್ಪಟೆಯಾಯಿತು. "ನಾಲ್ಕು ಮಕ್ಕಳನ್ನ ಹೆತ್ತೆ. ಇವನ ಅಪ್ಪ ಅಮ್ಮನ್ನ ಕೊನೇವರೆಗೂ ನೋಡ್ಕೊಂಡೆ. ಒಂದಿನ ಕೇಳಿದ್ರೆ ಕೇಳು ಈ ಮನುಷ್ಯ. ಅವನು ಕೇಳಬೇಕು ಅಂದ್ರೆ ಲಂಡನ್ನಿಗೇ ಹೋಗ್ಬೇಕಿತ್ತಾ ನಾನು?"

ನಾನು ಚಪ್ಪಟೆಯಾದ ಉಂಡೆಯನ್ನು ಮತ್ತೆ ದುಂಡಗೆ ಕಟ್ಟಿದೆ. ಊರಿನವರ ನಗು ಅವರಿಗೆ ತಾಗಿದ್ದು ಅಂಗಡಿಯಲ್ಲಲ್ಲ, ಇಷ್ಟು ವರ್ಷ ಕೇಳದೇ ಉಳಿದ ಆ ಮಾತಿನಲ್ಲಿ. ಅವರೇ ಮುಂದೆ ಕೇಳಿದರು.

"ಆ ಬ್ರೌನನಿಗೆ ಹೆಂಡತಿ ಇದ್ದಾಳಾ?"

"ಇದ್ದಾಳೆ ಅತ್ತೆ."

"ಏನಂತಾಳೆ?"

"ಚಹಾ ಬೇಕಾ ಅಂತಾಳೆ."

"ಅಷ್ಟೇನಾ?"

"ಅಷ್ಟೇ."

"ಅದನ್ನ ಇಂಗ್ಲಿಷ್ ಇಲ್ಲದೇನೇ ಕೇಳ್ಕೊಂಡು ಬಂದಿದೀನಲ್ಲೇ ನಾನು!" ಎಂದು ಅತ್ತೆ ನಕ್ಕುಬಿಟ್ಟರು. ನಗುತ್ತಲೇ ಕಣ್ಣು ಒದ್ದೆಯಾಯಿತು, ಮೊಸರಿನ ಕೈಯಲ್ಲಿ ಒರೆಸಿಕೊಂಡು ಕೆನ್ನೆ ಬೆಳ್ಳಗಾಯಿತು. ನಾನು ನನ್ನ ತಲೆವಸ್ತ್ರದ ಅಂಚಿನಿಂದ ಒರೆಸಿದೆ. ಅವರು ಬಿಡಿಸಿಕೊಳ್ಳಲಿಲ್ಲ. ಕೊನೆಗೆ, "ಸೋಮವಾರ ಹೋಗಿ ಒಪ್ಕೊಂಡು ಬಾ. ಸಾಲ್ತಾನತ್‌ಳ ಮಗನೂ ನಿನ್ನ ಕ್ಲಾಸಿಗೇ ಬರ್ಬೇಕಲ್ಲ, ಆಗ ನೋಡ್ಕೊಳ್ಳೋಣ. ಆದ್ರೆ ಮನೇಲಿ ಮೊದಲು ನಂಗೆ ಪಾಠ. ನಾನು ಅತಿಥಿ ಗಿತಿಥಿ ಆಗಲ್ಲ. ಆ ಹೆಂಗಸೂ ಆಗಲ್ಲ. ನಾನಾಗೇ ಕಲೀತೀನಿ" ಎಂದರು.

ಹಾಗಾಗಿ ಅಮ್ಮ, ನೀನು ಬಂದು ಯಾರ ಮುಂದೆಯೂ ತಲೆ ತಗ್ಗಿಸಬೇಕಾಗಿಲ್ಲ. ನಾಳೆ ಶಾಲೆಗೆ ಹೋಗಿ ಒಪ್ಪಿಗೆ ಹೇಳಿ ಬರುತ್ತೇನೆ. ಬರುವುದಿದ್ದರೆ ಸುಮ್ಮನೆ ಮಗಳನ್ನು ನೋಡಲು ಬಾ. ಮಾವನವರು ಈಗಲೂ ನನ್ನೊಂದಿಗೆ ಮಾತಾಡುವುದಿಲ್ಲ. ಆದರೆ ಇವತ್ತು ಮರಿಯನ್ನು ಹಿಡಿದಾಗ ಮುಖ ಈ ಕಡೆಗಿತ್ತು.

ಅಪ್ಪನಿಗೂ ತಮ್ಮನಿಗೂ ನನ್ನ ನಮಸ್ಕಾರ ತಿಳಿಸು. ಮಂಡಿಗೆ ಕುರಿಕೊಬ್ಬು ಹಚ್ಚುವುದನ್ನು ಬಿಡಬೇಡ.

ನಿನ್ನ ಮಾತು ಮೀರದ,
ಜಿಪಾರ್

ಮರೆತ ಮಾತು: ಕಾಗದ ಮಡಿಸುವ ಹೊತ್ತಿಗೆ ಒಳಗಿನಿಂದ ಅತ್ತೆಯ ದನಿ ಕೇಳಿಸಿತು. ನಾನು ಈ ಮನೆಗೆ ಬಂದಾಗಿನಿಂದ ಅವರು ಗಂಡನನ್ನು ಕರೆದದ್ದು 'ಎರ್ಮೆಕ್‌ನ ಅಪ್ಪ' ಎಂದು ಮಾತ್ರ. ಈಗ ಮೊದಲು "ಮಿಸ್ಟರ್" ಎಂದರು, ಬಹಳ ಹೊತ್ತು ನಿಲ್ಲಿಸಿದರು, ಆಮೇಲೆ "ಜಾಮ್ಗಿರ್‌ಬೆಕ್" ಎಂದರು. ಮೆಲ್ಲಗೆ, ಬಿಸಿ ಪಾತ್ರೆ ಕೆಳಗಿಡುವ ಹಾಗೆ. "ಟೀ." ಮಾವ ಬಾಗಿಲಲ್ಲೇ ಜೀನು ಹೊಲಿಯುತ್ತ ಕೂತಿದ್ದರು. ಅವರಿಗೆ ಚೆನ್ನಾಗಿ ಕೇಳಿಸಿದೆ, ದಾರ ಹಿಡಿದ ಕೈ ಅಲ್ಲೇ ನಿಂತಿತ್ತು. ಆದರೂ ಕೇಳಿಸದವರಂತೆ ತಲೆ ತಗ್ಗಿಸಿಕೊಂಡೇ ಕೂತರು. ಅತ್ತೆ ಇನ್ನೊಂದು ಸಲ ಹೆಸರು ಹಿಡಿದು ಕರೆಯಬೇಕಾಯಿತು.